ಹಳದಿ ಅಂಗಡಿ, ಹಸಿರು ಅಂಗಡಿ ಮತ್ತು ಒಂದು ಚಿಲಕ

ಬುಧವಾರ ಬೆಳಿಗ್ಗೆ ಬಚ್ಚಲುಮನೆಯ ಚಿಲಕ ಕನ್ನಡಕದವರ ಕೈಗೆ ಕಿತ್ತು ಬಂತು. ಅವರೇನೂ ಬಲ ಹಾಕಿರಲಿಲ್ಲ. ಸ್ನಾನ ಮುಗಿಸಿ ಹೊರಗೆ ಬರೋಣವೆಂದು ಎಳೆದರು, ಅಷ್ಟೇ. ಚಿಲಕ, ತುಕ್ಕು ಹಿಡಿದ ನಾಲ್ಕು ಸ್ಕ್ರೂ, ಒಂದು ಹಿಡಿ ಮರದ ಪುಡಿ, ಎಲ್ಲವೂ ಅಂಗೈಯಲ್ಲಿ ಬಂದು ಕೂತವು.

ಕನ್ನಡಕದವರೆಂದರೆ ಪೇಟೆಯ ಕನ್ನಡಕದಂಗಡಿಯಲ್ಲಿ ಫ್ರೇಮು ರಿಪೇರಿ ಮಾಡುವವರು. ಸಾಸಿವೆ ಕಾಳಿಗಿಂತ ಸಣ್ಣ ಸ್ಕ್ರೂವನ್ನು ಚಿಮಟದಲ್ಲಿ ಹಿಡಿದು, ಉಸಿರು ಬಿಗಿಹಿಡಿದು ಕೂರಿಸುವ ಕೈ ಅವರದು. ಅದಕ್ಕಿಂತ ದೊಡ್ಡ ಸ್ಕ್ರೂ ಕಂಡರೆ, ಕಟ್ಟಿಲ್ಲದ ನಾಯಿ ಎದುರಿಗೆ ಬಂದಂತೆ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು.

ಹಾಗಾಗಿ ಮನೆಯಲ್ಲೊಂದು ಹೊಸ ಕಾನೂನು ಬಂತು: ಬಚ್ಚಲಿನಲ್ಲಿ ಇರುವಷ್ಟು ಹೊತ್ತೂ ಒಳಗಿದ್ದವರು ಬಾಯಿ ಮುಚ್ಚಬಾರದು. ಹೆಂಡತಿ ಹಾಡು ಹೇಳುತ್ತಿದ್ದಳು. ಕನ್ನಡಕದವರಿಗೆ ಹಾಡು ಬರುತ್ತಿರಲಿಲ್ಲ, ಮಗ್ಗಿ ಹೇಳುತ್ತಿದ್ದರು. ಶನಿವಾರ ಹದಿನೇಳರ ಮಗ್ಗಿ ಅರ್ಧಕ್ಕೆ ಬಂದಿತ್ತು. ಕೆಳಗಿನ ಮನೆಯ ಪಿ.ಟಿ. ಮೇಷ್ಟ್ರು ಕಿಟಕಿಯಿಂದಲೇ ಕೂಗಿದರು: "ಹದಿನೇಳೆಂಟ್ಲ ನೂರಾ ಮೂವತ್ತಾರು ಕಣ್ರೀ! ನೂರಾ ಇಪ್ಪತ್ತಾರಲ್ಲ! ಮೊದ್ಲಿಂದ ಹೇಳಿ!"

ಕನ್ನಡಕದವರು ಮೈಯೆಲ್ಲ ಸೋಪು ಹಚ್ಚಿಕೊಂಡೇ ಮೊದಲಿಂದ ಹೇಳಿದರು.

ಹೀಗೇ ಒಂದು ವರ್ಷ ನಡೆದುಹೋಗುತ್ತಿತ್ತೇನೋ. ಆದರೆ ಭಾನುವಾರ ಬೆಳಿಗ್ಗೆ ಹೆಂಡತಿ ಫೋನಿಟ್ಟು, "ರೀ, ಸಂಜೆ ಐದಕ್ಕೆ ಅಣ್ಣ ಬರ್ತಾನಂತೆ," ಎಂದಳು.

ಕನ್ನಡಕದವರು ಅರ್ಧ ಕುಡಿದ ಕಾಫಿಯನ್ನು ಕೆಳಗಿಟ್ಟು ಬಚ್ಚಲಿನ ಕಡೆ ನೋಡಿದರು.

ಅವಳ ಅಣ್ಣ ಗಿರಣಿಯಲ್ಲಿ ರಿಪೇರಿ ವಿಭಾಗ ನೋಡಿಕೊಳ್ಳುತ್ತಿದ್ದು ನಿವೃತ್ತರಾದವರು. ಗಿರಣಿ ಅವರನ್ನು ಬಿಟ್ಟಿತ್ತು, ರಿಪೇರಿ ಬಿಟ್ಟಿರಲಿಲ್ಲ. ಯಾರ ಮನೆಯಲ್ಲೇ ಆಗಲಿ, ಕೆಟ್ಟದ್ದೊಂದು ಕಣ್ಣಿಗೆ ಬಿದ್ದರೆ ಅದು ಸರಿಹೋಗುವ ತನಕ ಹೊರಡುವ ಮಾತೇ ಇಲ್ಲ. ಹೋದ ಸಲ ಎರಡು ದಿನಕ್ಕೆಂದು ಬಂದವರು ಅಡಿಗೆಮನೆಯ ನಲ್ಲಿ ಸೋರುವುದನ್ನು ನೋಡಿ ಇಪ್ಪತ್ತಮೂರು ದಿನ ಉಳಿದಿದ್ದರು. ಆ ಇಪ್ಪತ್ತಮೂರು ದಿನವೂ ಊಟಕ್ಕೆ ಕೂತಾಗ, "ಭಾವನೋರೇ, ಇಷ್ಟು ವರ್ಷ ಈ ಮನೇಲಿ ನೀವು ಏನ್ ಮಾಡ್ತಿದ್ರಿ?" ಎಂದು ಬಹಳ ಮರ್ಯಾದೆಯಿಂದ ಕೇಳಿದ್ದರು.

"ನೋಡಿ, ಐದರೊಳಗೆ ಚಿಲಕ ಕೂತಿರ್ಬೇಕು," ಎಂದಳು ಹೆಂಡತಿ. "ನನಗೇನೋ ಅಣ್ಣ ಇದ್ರೆ ಸಂತೋಷವೇ. ಆಮೇಲೆ ನೀವುಂಟು, ಅವನುಂಟು."

ಕನ್ನಡಕದವರು ಕಂಕುಳಲ್ಲಿ ಕೊಡೆ ಸಿಕ್ಕಿಸಿ, ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಮೆಟ್ಟಿಲಿಳಿದರು. ಕೆಳಗೆ ಮೇಷ್ಟ್ರು ಕೈ ಬೀಸುತ್ತ ವ್ಯಾಯಾಮ ಮಾಡುತ್ತಿದ್ದರು. ಎದುರುಮನೆಯ ಬಾಗಿಲಲ್ಲಿ ನಿವೃತ್ತ ನರ್ಸಮ್ಮ ಗಿಡಗಳಿಗೆ ನೀರು ಹಾಕುತ್ತಿದ್ದರು.

"ಎಲ್ಲಿಗೆ ಸವಾರಿ?"

"ಒಂದು ಚಿಲಕ ತರೋಕೆ, ಮೇಷ್ಟ್ರೇ."

ಇಷ್ಟು ಹೇಳಿದ್ದೇ ತಪ್ಪಾಯಿತು. ಊರಿನ ಒಂದು ತುದಿಯಲ್ಲಿ ಹಳದಿ ಬಣ್ಣದ್ದು, ಇನ್ನೊಂದು ತುದಿಯಲ್ಲಿ ಹಸಿರು ಬಣ್ಣದ್ದು, ಹೀಗೆ ಎರಡು ದೈತ್ಯ ಅಂಗಡಿಗಳಿದ್ದವು. ಮೊಳೆಯಿಂದ ಹಿಡಿದು ಮಹಡಿಯವರೆಗೆ ಮನೆಗೆ ಬೇಕಾದದ್ದೆಲ್ಲ ಎರಡರಲ್ಲೂ ಸಿಗುತ್ತಿತ್ತು. ಅವು ಬಂದ ಮೇಲೆ ಆ ಬೀದಿ ಎರಡು ಪಕ್ಷವಾಗಿತ್ತು. ಮೇಷ್ಟ್ರು ಹಳದಿ, ನರ್ಸಮ್ಮ ಹಸಿರು.

"ಹಳದಿಗೇ ಹೋಗಿ," ಎಂದರು ಮೇಷ್ಟ್ರು. "ಅಲ್ಲಿ ಯಾರೂ ಬಂದು ಮೈಮೇಲೆ ಬೀಳಲ್ಲ. ನೀವಾಯ್ತು, ನಿಮ್ಮ ಸಾಮಾನಾಯ್ತು. ಶಿಸ್ತು ಅಂದ್ರೆ ಶಿಸ್ತು!"

"ಪ್ರಾಣ ಹೋದ್ರೂ ಕೇಳೋರಿಲ್ಲ ಅನ್ನಿ," ಎಂದರು ನರ್ಸಮ್ಮ. "ನೀನು ಹಸಿರಿಗೆ ಹೋಗು ತಮ್ಮಾ. ಕೈ ಹಿಡಿದು ಕರ್ಕೊಂಡು ಹೋಗ್ತಾರೆ."

"ಕೈ ಹಿಡಿಯೋಕೆ ಅದೇನ್ ಆಸ್ಪತ್ರೇನಾ?"

"ಸಾಲಾಗಿ ನಿಲ್ಸೋಕೆ ಅದೇನ್ ಮೈದಾನಾನಾ?"

ಕನ್ನಡಕದವರು ಮೇಷ್ಟ್ರ ಕಡೆ ತಿರುಗಿ "ಆಯ್ತು" ಎಂದರು. ನರ್ಸಮ್ಮನ ಕಡೆ ತಿರುಗಿ "ಆಯ್ತು" ಎಂದರು. ಇಬ್ಬರಿಗೂ ಸಮಾಧಾನವಾಯಿತು.

ಹಳದಿ ಅಂಗಡಿಯ ಬಸ್ಸು ಮೊದಲು ಬಂದದ್ದರಿಂದ ಅವರು ಹಳದಿಗೆ ಹೋದರು.

ಒಳಗೆ ಕಾಲಿಟ್ಟರೆ ಆಚೆ ಗೋಡೆಯೇ ಕಾಣಲಿಲ್ಲ. ಸಾಲು ಸಾಲು ಕಪಾಟು, ಒಂದೊಂದೂ ಮೂರಾಳೆತ್ತರ. ಮನುಷ್ಯರು ಮಾತ್ರ ಇರಲಿಲ್ಲ. ಹದಿನೈದು ನಿಮಿಷ ನಡೆದ ಮೇಲೆ ದೂರದಲ್ಲಿ ಹಳದಿ ಟೋಪಿ ಹಾಕಿದವನೊಬ್ಬ ನಗುತ್ತ ನಿಂತಿದ್ದು ಕಂಡು ಕನ್ನಡಕದವರಿಗೆ ನೆಂಟರು ಸಿಕ್ಕಷ್ಟು ಖುಷಿಯಾಯಿತು. ಹತ್ತಿರ ಹೋಗಿ, "ಸ್ವಾಮಿ, ಚಿಲಕ ಯಾವ ಕಡೆ?" ಎಂದು ಕೇಳಿದರು. ಅವನು ನಗುತ್ತಲೇ ಇದ್ದ. ಇನ್ನೊಮ್ಮೆ ಕೇಳಿದರು. ಆಮೇಲೆ ಗೊತ್ತಾಯಿತು, ಅವನು ರಟ್ಟಿನವನು.

ಚಿಲಕ ನಲವತ್ತೊಂದನೆಯ ಸಾಲಿನಲ್ಲಿತ್ತು. ಅದರ ಸ್ಕ್ರೂ ಆರನೆಯ ಸಾಲಿನಲ್ಲಿತ್ತು. ಎರಡನ್ನೂ ಹಿಡಿದುಕೊಂಡು, ಕಾಲು ಎಳೆಯುತ್ತ, ದುಡ್ಡು ಕಟ್ಟುವ ಜಾಗಕ್ಕೆ ಬಂದರೆ ಅಲ್ಲೂ ಮನುಷ್ಯರಿಲ್ಲ, ಒಂದು ಯಂತ್ರ ಕೂತಿತ್ತು.

"ವಸ್ತುವನ್ನು ತಟ್ಟೆಯ ಮೇಲೆ ಇಡಿ," ಎಂದಿತು ಯಂತ್ರ.

ಇಟ್ಟರು.

"ತಟ್ಟೆಯ ಮೇಲೆ ಅನುಮತಿಯಿಲ್ಲದ ವಸ್ತುವಿದೆ. ತೆಗೆಯಿರಿ."

ತೆಗೆದರು.

"ವಸ್ತುವನ್ನು ತಟ್ಟೆಯ ಮೇಲೆ ಇಡಿ."

ಅತ್ತೆಮನೆಗೆ ಹೊಸದಾಗಿ ಬಂದ ಸೊಸೆಯಂತೆ ಕನ್ನಡಕದವರು ಇಟ್ಟರು, ತೆಗೆದರು, ಇಟ್ಟರು. ಏಳನೆಯ ಸಲಕ್ಕೆ ಯಂತ್ರದ ತಲೆಯ ಮೇಲೆ ಕೆಂಪು ದೀಪ ಹತ್ತಿತು. "ಸಿಬ್ಬಂದಿ ಬರುವವರೆಗೆ ಕಾಯಿರಿ."

ಅರ್ಧ ಗಂಟೆ ಕಾದರು. ಹಿಂದೆ ನಿಂತವರ ನಿಟ್ಟುಸಿರು ಕುತ್ತಿಗೆಗೆ ಬಿಸಿಯಾಗಿ ತಾಗುತ್ತಿತ್ತು. ಕೊನೆಗೆ ಅವರು ಚಿಲಕವನ್ನು ತಟ್ಟೆಯ ಮೇಲೇ ಬಿಟ್ಟು, ಯಂತ್ರಕ್ಕೆ "ತಪ್ಪಾಯ್ತು" ಎಂದು ಹೇಳಿ ಹೊರಗೆ ಬಂದರು.

ಹಸಿರು ಅಂಗಡಿ ತಲುಪುವಾಗ ಗಂಟೆ ಒಂದೂವರೆ. ಬಾಗಿಲಲ್ಲೇ ಹಸಿರು ಏಪ್ರನ್ನಿನ ಮೂವರು "ಬನ್ನಿ ಸರ್" ಎಂದರು. ಒಬ್ಬ ನೀರು ಕೊಟ್ಟ, ಒಬ್ಬಳು ಕುರ್ಚಿ ತಂದಳು, ಮೂರನೆಯವನು ಅವರ ಕೊಡೆಯನ್ನು ಕಿತ್ತುಕೊಂಡು ಎಲ್ಲೋ ಭದ್ರವಾಗಿ ಇಡಲು ಹೋದ.

"ಚಿಲಕ ಬೇಕಿತ್ತು," ಎಂದರು ಕನ್ನಡಕದವರು. ಇನ್ನೂ ನಾಲ್ವರು ಬಂದರು.

"ಬಾಗಿಲು ಯಾವ ಮರ ಸರ್?"

"ದಪ್ಪ ಎಷ್ಟು?"

"ಒಳಗಡೆ ತೆರೆಯುತ್ತಾ, ಹೊರಗಡೇನಾ?"

"ಮನೇಲಿ ಎಡಗೈನವರು ಯಾರಾದ್ರೂ ಇದ್ದಾರಾ ಸರ್?"

ಕನ್ನಡಕದವರಿಗೆ ಒಂದೂ ಗೊತ್ತಿರಲಿಲ್ಲ. ಹೆಂಡತಿಗೆ ಫೋನ್ ಮಾಡಿದರು. ಬಾಗಿಲಿನ ದಪ್ಪ ಅಳೆಯಲು ಅವಳು ಟೇಪು ಕೇಳಲೆಂದು ಕೆಳಗೆ ಮೇಷ್ಟ್ರ ಮನೆಗೆ ಇಳಿದಳು. ಫೋನು ಕೈಯಲ್ಲೇ ಇತ್ತು, ಸ್ಪೀಕರೂ ಹಾಕಿತ್ತು.

"ಏನದು, ಹಿಂದೆ ಯಾರೋ 'ಸರ್' 'ಸರ್' ಅಂತಿದ್ದಾರೆ?" ಮೇಷ್ಟ್ರ ದನಿ ಗುಡುಗಿತು. "ಹಳದಿ ಅಂಗಡೀಲಿ ಯಾರೂ ಯಾರಿಗೂ ಸರ್ ಅನ್ನಲ್ಲ! ಎಲ್ಲಿದ್ದೀರಿ ನೀವು?"

"ನೋಡಿದ್ರಾ ಮೇಷ್ಟ್ರೇ?" ನರ್ಸಮ್ಮನ ದನಿ ಎದುರುಮನೆಯಿಂದ ಹಾರಿ ಬಂತು. "ಕೊನೆಗೆ ಎಲ್ಲಿಗೆ ಹೋದ ನೋಡಿ ನಮ್ಮ ತಮ್ಮ! ನನ್ನ ಮಾತು ಕೇಳ್ದ!"

ಇಲ್ಲಿ ಸುಮ್ಮನಿದ್ದರೆ ಸಾಕಿತ್ತು. ಆದರೆ ಕನ್ನಡಕದವರಿಗೆ ಮೇಷ್ಟ್ರ ಬಗ್ಗೆ ಮರುಕ ಉಕ್ಕಿತು. "ಹಾಗಲ್ಲ ಅಕ್ಕಾ, ಮೊದ್ಲು ಹಳದಿಗೇ ಹೋಗಿದ್ದೆ," ಎಂದುಬಿಟ್ಟರು.

ಫೋನಿನಲ್ಲಿ ಎರಡು ಬಾಗಿಲುಗಳು ದಡಾರನೆ ಹಾಕಿಕೊಂಡದ್ದು ಕೇಳಿಸಿತು.

"ದಪ್ಪ ಆಮೇಲೆ ನೋಡೋಣ ಸರ್," ಎಂದಳು ಹಸಿರು ಏಪ್ರನ್ನಿನ ಹುಡುಗಿ. "ಮೊದ್ಲು ನಮ್ಮ ಚಿಲಕದ ಅನುಭವ ನೋಡಿ." ಅಂಗಡಿಯ ನಡುವೆ ಒಂದು ಮಾದರಿ ಬಚ್ಚಲುಮನೆ ಕಟ್ಟಿದ್ದರು, ತೊಟ್ಟಿ, ಕನ್ನಡಿ, ಬಾಗಿಲು ಎಲ್ಲ ಇತ್ತು, ನೀರೊಂದು ಬಿಟ್ಟು. "ಒಳಗೆ ಹೋಗಿ ಹಾಕಿ ನೋಡಿ ಸರ್. ಬೆಣ್ಣೇಲಿ ಚಾಕು ಹೋದ ಹಾಗೆ ಹೋಗುತ್ತೆ."

ಹೌದು, ಹಾಗೆಯೇ ಹೋಯಿತು. ವಾಪಸು ಬರಲಿಲ್ಲ.

ಕನ್ನಡಕದವರು ಎಳೆದರು, ಒತ್ತಿದರು, ಬೇಡಿಕೊಂಡರು. ಹೊರಗೆ ಹನ್ನೊಂದು ಜನ ಸೇರಿದರು. "ಗಾಬರಿಯಾಗ್ಬೇಡಿ ಸರ್, ನಾವೆಲ್ಲ ಇದ್ದೀವಿ!" ಎಂದು ಹನ್ನೊಂದೂ ಜನ ಕೂಗಿದರು. ಯಾರೋ ಬಾಗಿಲು ತಟ್ಟಿದರು. ನಾಲ್ಕು ದಿನದ ಅಭ್ಯಾಸ. ಕನ್ನಡಕದವರ ಬಾಯಿಂದ ತಾನಾಗಿ "ಹದಿನೇಳೊಂದ್ಲ ಹದಿನೇಳು" ಹೊರಟಿತು.

"ಅಮ್ಮಾ, ಇದನ್ನ ನಿಜವಾಗ್ಲೂ ಉಪಯೋಗಿಸ್ಬಹುದಾ?" ಎಂದಿತು ಹೊರಗೆ ಒಂದು ಮಗುವಿನ ದನಿ.

"ಆ ಕಡೆ ನೋಡ್ಬೇಡ ಪುಟ್ಟಿ, ನಡಿ."

ಮ್ಯಾನೇಜರು ಬಂದರು. "ಇದು ದೋಷ ಅಲ್ಲ ಸರ್," ಎಂದು ಬಾಗಿಲ ಸಂದಿಯಿಂದ ಮೃದುವಾಗಿ ವಿವರಿಸಿದರು. "ಇದು ಗಟ್ಟಿತನ. ಇಷ್ಟು ಗಟ್ಟಿಯಾದ್ದು ಹಳದಿ ಅಂಗಡೀಲಿ ನಿಮಗೆ ಸಿಗ್ತಿತ್ತಾ? ನೀವೇ ಹೇಳಿ."

"ಇಲ್ಲ," ಎಂದರು ಒಳಗಿದ್ದವರು. ಅಲ್ಲಿಂದ ಬೇರೇನು ಹೇಳಲಾದೀತು?

ಅಂಗಡಿಯ ಬಡಗಿ ಊಟ ಮುಗಿಸಿ ಬಂದು ಬಾಗಿಲನ್ನು ಕಳಚುವಾಗ ಮೂರು ಗಂಟೆ ದಾಟಿತ್ತು. ಹೊರಬಂದವರನ್ನು ಎಲ್ಲರೂ ಚಪ್ಪಾಳೆ ತಟ್ಟಿ ಸ್ವಾಗತಿಸಿದರು. ಮ್ಯಾನೇಜರು ಒಂದು ಒಳ್ಳೆಯ ಹಿತ್ತಾಳೆ ಚಿಲಕವನ್ನು ಪೆಟ್ಟಿಗೆಗೆ ಹಾಕಿ ಪುಕ್ಕಟೆಯಾಗಿ ಕೊಟ್ಟರು. "ಇದು ಬೇರೆ ಜಾತಿ ಸರ್, ತೆಗೆಯೋಕೂ ಬರುತ್ತೆ."

ಬಡಗಿ ಇನ್ನೂ ಒಳ್ಳೆಯವನು. ಒಂದು ಹಲಗೆ ಕೊಟ್ಟು, "ಇದರ ಮೇಲೆ ಕೂರ್ಸಿ, ನೋಡೋಣ," ಎಂದ. ಕನ್ನಡಕದವರು ಕಣ್ಣು ಮುಚ್ಚಿಕೊಂಡು ಮೊದಲ ಸ್ಕ್ರೂ ತಿರುಗಿಸಿದರು. ಎರಡನೆಯದಕ್ಕೆ ಕಣ್ಣು ಬಿಟ್ಟರು. ನಾಲ್ಕನೆಯದು ಮುಗಿದಾಗ ಬಡಗಿ ಚಿಲಕವನ್ನು ಅಲ್ಲಾಡಿಸಿ ನೋಡಿ, "ಅಲ್ಲ ಸರ್, ನಿಮ್ಮದು ಕೆಲಸ ಬಲ್ಲ ಕೈ!" ಎಂದ. ಅಷ್ಟು ವರ್ಷದಲ್ಲಿ ಯಾರೂ ಅವರಿಗೆ ಈ ಮಾತು ಹೇಳಿರಲಿಲ್ಲ.

ಬಸ್ಸಿನಲ್ಲಿ ಅವರು ಪೆಟ್ಟಿಗೆಯನ್ನು ತೊಡೆಯ ಮೇಲೆ ಮಗುವಿನಂತೆ ಕೂರಿಸಿಕೊಂಡಿದ್ದರು. ಗಂಟೆ ನಾಲ್ಕು ಇಪ್ಪತ್ತು. ಮನೆ ಸೇರಲು ಹತ್ತು ನಿಮಿಷ, ಚಿಲಕ ಕೂರಿಸಲು ಹದಿನೈದು. ಹೆಂಡತಿಯ ಅಣ್ಣ ಬರುವಾಗ ಬಚ್ಚಲ ಬಾಗಿಲು ಕಟಕ್ಕೆಂದು ಹಾಕಿಕೊಳ್ಳಬೇಕು. ಎರಡು ದಿನ ಇದ್ದು, ಎಲ್ಲಿಯೂ ಏನೂ ಸಿಗದೆ, ಬೇಸರವಾಗಿ ಹೊರಟುಬಿಡಬೇಕು.

ಬೀದಿಯ ತಿರುವಿನಲ್ಲೇ ಸುತ್ತಿಗೆಯ ಸದ್ದು ಕೇಳಿಸಿತು. ಒಂದಲ್ಲ, ಎರಡು. ಆಮೇಲೆ "ಚಟಾರ್" ಎಂಬ ದೊಡ್ಡ ಸದ್ದು. ಆಮೇಲೆ ಯಾವ ಸದ್ದೂ ಇಲ್ಲ.

ಮೆಟ್ಟಿಲು ಹತ್ತಿದರೆ ಮೇಷ್ಟ್ರು ಅರ್ಧ ಬಾಗಿಲು ಹಿಡಿದು ನಿಂತಿದ್ದರು. ಉಳಿದರ್ಧ ನರ್ಸಮ್ಮನ ಕೈಯಲ್ಲಿತ್ತು. ಹೆಂಡತಿ ಗೋಡೆಗೊರಗಿ ತಲೆಯ ಮೇಲೆ ಕೈ ಇಟ್ಟುಕೊಂಡಿದ್ದಳು.

"ಬೇಡ ಬೇಡ ಅಂದೆ ಕಣ್ರೀ," ಎಂದಳು. "ಮೇಷ್ಟ್ರು ಮನೇಲಿದ್ದ ಹಳದಿ ಅಂಗಡಿ ಚಿಲಕ ತಂದು ಹೊಡೆದ್ರು. ಅಕ್ಕ, ಅದು ನಿಲ್ಲಲ್ಲ ಅಂತ, ಅದರ ಮೇಲೆ ಹಸಿರು ಅಂಗಡೀದು ಹೊಡೆದ್ರು. ಮೇಷ್ಟ್ರು ಅದರ ಮೇಲೆ ಇನ್ನೊಂದು…"

"ನನ್ನ ಚಿಲಕಕ್ಕೆ ಏನೂ ಆಗಿಲ್ಲ," ಎಂದರು ಮೇಷ್ಟ್ರು.

"ನನ್ನದೂ ಗುಂಡುಕಲ್ಲಿನ ಹಾಗಿದೆ," ಎಂದರು ನರ್ಸಮ್ಮ. "ಬಾಗಿಲಿನ ಮರವೇ ಲಡ್ಡು ಹಿಡಿದು ಪುಡಿಯಾಗಿತ್ತು, ಅಷ್ಟೇ."

ನಿಜ. ಇಬ್ಬರ ಚಿಲಕಗಳೂ ಅವರವರ ಅರ್ಧದ ಮೇಲೆ ಬಂಡೆಯಂತೆ ಕೂತಿದ್ದವು.

ಬಚ್ಚಲುಮನೆಯ ಎದುರಿಗೆ, ತೋಳು ಮಡಚಿಕೊಂಡು, ಕುರ್ಚಿ ಹಾಕಿ ಕೂತಿದ್ದರು ಹೆಂಡತಿಯ ಅಣ್ಣ. ಹೇಳಿದ್ದಕ್ಕಿಂತ ಮುಂಚೆಯೇ ಬಂದಿದ್ದರು. ನಾಟಕದ ಪರದೆ ಎದ್ದಾಗ ನೋಡುವಂತೆ ತೆರೆದ ಬಚ್ಚಲನ್ನು ನೋಡುತ್ತಿದ್ದರು.

"ಬನ್ನಿ ಭಾವನೋರೇ," ಎಂದರು. "ನಾನು ಇರೋಕೆ ಅಂತ ಬಂದಿರ್ಲಿಲ್ಲ. ಆರು ಗಂಟೆ ಬಸ್ಸಿಗೆ ಮುಂದಿನೂರಿಗೆ ಹೋಗ್ಬೇಕಿತ್ತು. ಮಧ್ಯೆ ಒಂದು ಗಂಟೆ ಉಳೀತು. ತಂಗಿ ಮುಖ ನೋಡ್ಕೊಂಡು, ಕೆಳಗೆ ಜಗಲೀಲಿ ಕೂತು ಕಾಫಿ ಕುಡಿದು ಹೊರಡೋಣ ಅಂತಿದ್ದೆ. ಒಳಗಡೆಗೇ ಬರ್ತಿರ್ಲಿಲ್ಲ."

"ಈಗ?" ಎಂದರು ಕನ್ನಡಕದವರು.

"ಈಗೇನು? ಒಳಗೆ ಚಟಾರ್ ಅಂತು, ಬಂದೆ, ನೋಡ್ದೆ. ನಿಂತಲ್ಲೇ ಫೋನಲ್ಲಿ ಟಿಕೆಟ್ ವಾಪಸ್ ಮಾಡ್ಬಿಟ್ಟೆ." ಅವರು ಎದ್ದು, ಬಾಗಿಲಿಲ್ಲದ ಚೌಕಟ್ಟನ್ನು ಬೆರಳಿನಿಂದ ಒತ್ತಿದರು. ಚೌಕಟ್ಟು ಅಲ್ಲಾಡಿತು. ಪಕ್ಕದ ಗೋಡೆಯನ್ನು ತಟ್ಟಿದರು. ಗೋಡೆ ಟೊಳ್ಳಾಗಿ ಸದ್ದು ಮಾಡಿತು. ಅವರ ಮುಖದಲ್ಲಿ, ನಿವೃತ್ತಿಯಾದ ಮೇಲೆ ಯಾರೂ ಕಾಣದಿದ್ದ ಒಂದು ನಗು ನಿಧಾನವಾಗಿ ಅರಳಿತು.

"ಒಂದು ತಿಂಗಳು ಸಾಕು ಅಂದ್ಕೊಂಡಿದ್ದೆ," ಎಂದರು. "ಎರಡು ಬೇಕಾಗುತ್ತೆ."

ಮೇಷ್ಟ್ರು ಗೋಡೆಯನ್ನು ನೋಡಿದರು. ನರ್ಸಮ್ಮ ಗೋಡೆಯನ್ನು ನೋಡಿದರು. ಆ ಬೀದಿಗೆ ಬಂದಂದಿನಿಂದ ಮೊಟ್ಟಮೊದಲ ಬಾರಿಗೆ ಇಬ್ಬರ ಬಾಯಿಂದಲೂ ಒಂದೇ ಮಾತು ಬಂತು.

"ಎರಡಾದ್ರೂ ಬೇಕು!"