ಹ್ಯಾಂಬಲ್‌ಬಿ ಟೌನ್ ಕ್ಲಬ್ಬಿಗೆ ಕಾಯಿ ತುರಿದವನ ಅಹವಾಲು

ಮಾನ್ಯ ಅಧ್ಯಕ್ಷರು, ಆಡಳಿತ ಮಂಡಳಿಯವರು, ತರಬೇತುದಾರರು ಮತ್ತು ಸಮಸ್ತ ಆಟಗಾರರು,
ಹ್ಯಾಂಬಲ್‌ಬಿ ಟೌನ್ ಫುಟ್‌ಬಾಲ್ ಕ್ಲಬ್,
ಇಂಗ್ಲೆಂಡ್ ಇವರ ಸನ್ನಿಧಿಗೆ

ಮಾನ್ಯರೇ,

ಚಾಮುಂಡಿ ತಾಯಿಯ ದಯೆಯಿಂದ ನಾವೆಲ್ಲ ಇಲ್ಲಿ ಕ್ಷೇಮವಾಗಿದ್ದೇವೆ. ತಾವೂ, ತಮ್ಮ ಗೋಲ್‌ಕೀಪರರ ಎಡಮಂಡಿಯೂ ಅಲ್ಲಿ ಕ್ಷೇಮವೆಂದು ನಂಬಿದ್ದೇನೆ. ನಾಲ್ಕನೇ ದರ್ಜೆಯ ಲೀಗಿನಲ್ಲಿ ಮೂರನೆಯವರಾಗಿ ಮುಗಿಸಿ ಮೇಲಿನ ದರ್ಜೆಗೆ ಬಡ್ತಿ ಪಡೆದ ತಮ್ಮ ಮಹತ್ಸಾಧನೆಗೆ ಮೈಸೂರಿನ ಕೃಷ್ಣಮೂರ್ತಿಪುರಂನ ಒಂದು ಅಡುಗೆಮನೆಯಿಂದ ಹೃತ್ಪೂರ್ವಕ ಅಭಿನಂದನೆಗಳು. ಈ ಸೀಸನ್ನಿನಲ್ಲಿ ತಾವು ನಲವತ್ತಾರು ಪಂದ್ಯಗಳನ್ನಾಡಿ ಎಪ್ಪತ್ತೆಂಟು ಗೋಲು ಹೊಡೆದಿದ್ದೀರಿ. ಅವುಗಳಲ್ಲಿ ಹೊಡೆದ ಗಳಿಗೆಯಲ್ಲೇ ನಾನು ನೋಡಿದ್ದು ಒಂದೂ ಇಲ್ಲ. ಎದುರಾಳಿಗಳು ತಮಗೆ ಹೊಡೆದ ಗೋಲುಗಳ ಪೈಕಿ ಐದನ್ನು ಮಾತ್ರ ಕಣ್ಣಾರೆ ಕಾಣುವ ಭಾಗ್ಯ ನನ್ನದಾಗಿದೆ. ಇದು ಹೇಗಾಯಿತು, ಇದರಲ್ಲಿ ತಮ್ಮ ಪಾಲೆಷ್ಟು, ಇದಕ್ಕೆ ತಾವು ಏನು ಪರಿಹಾರ ಕೊಡಬೇಕು ಎಂಬುದನ್ನು ವಿನಯಪೂರ್ವಕವಾಗಿ ನಿವೇದಿಸಿಕೊಳ್ಳುವುದೇ ಈ ಪತ್ರದ ಉದ್ದೇಶ.

ನನ್ನ ಹೆಸರು ವಾಗೀಶ. ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತಮೂರು ವರ್ಷ ಬೋಗಿಗಳ ಬ್ರೇಕು ಪರೀಕ್ಷಿಸಿ ನಿವೃತ್ತನಾದವನು. ನಾನು ಕಾಲೇಜಿನಲ್ಲಿದ್ದಾಗ, ಎಂದರೆ ೧೯೮೪ರಲ್ಲಿ, ಪತ್ರಮಿತ್ರರನ್ನು ಹುಡುಕಿಕೊಳ್ಳುವ ಹುಚ್ಚು ಎಲ್ಲರಿಗೂ ಇತ್ತು. ನನ್ನ ಸಹಪಾಠಿಗಳಿಗೆ ಪ್ಯಾರಿಸ್ಸಿನ ಹುಡುಗಿಯರು, ಜಪಾನಿನ ಹುಡುಗಿಯರು ಸಿಕ್ಕರು; ನನಗೆ ತಮ್ಮೂರಿನ ಬಿಸ್ಕತ್ತು ಕಾರ್ಖಾನೆಯ ಡೆನಿಸ್ ಸಿಕ್ಕ. ಅವನು ಮೊದಲ ಕಾಗದದಲ್ಲೇ ತಮ್ಮ ಕ್ಲಬ್ಬಿನ ಪಂದ್ಯಪಟ್ಟಿಯನ್ನು ಮಡಚಿ ಇಟ್ಟಿದ್ದ. ಹೀಗೆ ತಾವು ನಾನು ಆರಿಸಿಕೊಂಡ ಕ್ಲಬ್ಬಲ್ಲ, ನನಗೆ ಗಂಟುಬಿದ್ದ ಕ್ಲಬ್ಬು. ಅಂದಿನಿಂದ ನಲವತ್ತೊಂದು ವರ್ಷ ನಾನು ತಮ್ಮ ಫಲಿತಾಂಶಕ್ಕಾಗಿ ಪ್ರತಿ ಶನಿವಾರ ಮೊದಲು ರೇಡಿಯೊಗೆ, ಆಮೇಲೆ ಕಂಪ್ಯೂಟರಿಗೆ, ಆಮೇಲೆ ಮೊಬೈಲಿಗೆ ಮುಖ ಕೊಟ್ಟು ಕೂತಿದ್ದೇನೆ. ಆ ಅವಧಿಯಲ್ಲಿ ತಾವು ಎರಡು ಸಲ ಕೆಳಗಿಳಿದಿರಿ, ಈ ವರ್ಷದವರೆಗೆ ಒಂದು ಸಲವೂ ಮೇಲೇರಲಿಲ್ಲ. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಮಧುಶ್ರೀ ಪ್ರತಿ ಶನಿವಾರ ನಾನು ಮುಖ ಜೋಲು ಹಾಕಿಕೊಳ್ಳುವುದನ್ನು ಕಂಡು, ಇವರಿಗೆ ಶನಿಕಾಟವಿದೆಯೆಂದು ಎಳ್ಳೆಣ್ಣೆ ದೀಪ ಹಚ್ಚಿಸಿದ್ದಳು. ಅವಳ ರೋಗನಿದಾನ ತೀರ ತಪ್ಪೆಂದು ನಾನೂ ಹೇಳಲಾರೆ.

ಡೆನಿಸ್ ಆರು ವರ್ಷದ ಹಿಂದೆ ತೀರಿಕೊಂಡ. ಕೊನೆಯ ಕಾಗದದಲ್ಲಿ ಅವನು, ಹ್ಯಾಂಬಲ್‌ಬಿ ಮೇಲೇರುವುದನ್ನು ನಮ್ಮಿಬ್ಬರಲ್ಲಿ ಒಬ್ಬರಾದರೂ ನೋಡಬೇಕು, ಅದು ನೀನೇ ಎಂದು ಕಾಣುತ್ತದೆ ಎಂದು ಬರೆದಿದ್ದ. ನೋಡುತ್ತೇನೆ ಎಂದು ನಾನು ಮಾತು ಕೊಟ್ಟಿದ್ದೆ. ಆ ಉತ್ತರ ಅವನಿಗೆ ತಲುಪಿತೋ ಇಲ್ಲವೋ ನನಗೆ ತಿಳಿಯದು.

ಕಳೆದ ಆಗಸ್ಟಿನಲ್ಲಿ ನಮ್ಮ ಮಗಳು ಸಿಂಚನ ತಮ್ಮ ಜಾಲತಾಣದ ನೇರಪ್ರಸಾರವನ್ನು ಅದು ಹೇಗೋ ನಮ್ಮ ನಡುಮನೆಯ ಟಿವಿಗೆ ತಂದಳು. ಮೊದಲ ಪಂದ್ಯದ ಸಂಜೆ ನಾನು ಮೀಸೆ ತಿರುವಿ ಆರಾಮ ಕುರ್ಚಿಯಲ್ಲಿ ಕೂತೆ. ಎಂಬತ್ತಮೂರು ವರ್ಷದ ನಮ್ಮಮ್ಮ ಗಿರಿಜಾಂಬಾ ಪಕ್ಕದಲ್ಲಿ ಜಪಸರ ಹಿಡಿದು ಕೂತರು. ಏಣಿ ಕೇಳಲು ಬಂದ ಪಕ್ಕದ ಮನೆಯ ದೇವರಾಜು ಏಣಿಯನ್ನು ಮರೆತು ಸೋಫಾದ ತುದಿಗೆ ಕೂತರು. ಎಪ್ಪತ್ತು ನಿಮಿಷ ತಾವು ಏನನ್ನೂ ಮಾಡಲಿಲ್ಲ. ಆಗ ಮಧುಶ್ರೀ ಒಳಗಿನಿಂದ, “ಸುಮ್ನೆ ಕೂತಿದೀರಲ್ಲ, ಒಂದು ಹೋಳು ಕಾಯಿ ತುರ್ಕೊಡಿ ಬನ್ನಿ” ಎಂದಳು. ನಾನು ಹೋಗಿ ತುರಿಮಣೆಯ ಮೇಲೆ ಕೂತು ನಾಲ್ಕು ಸುತ್ತು ತಿರುಗಿಸಿರಬೇಕು, ತಾವು ಗೋಲು ಹೊಡೆದಿರಿ. ಕೈಯಲ್ಲಿ ಚಿಪ್ಪು ಹಿಡಿದುಕೊಂಡೇ ಓಡಿಬಂದೆ. ನಾನು ಕುರ್ಚಿಗೆ ಬೆನ್ನು ತಾಗಿಸುವಷ್ಟರಲ್ಲಿ ಎದುರಾಳಿಗಳು ಸಮ ಮಾಡಿದರು. ಬೇಜಾರಿನಲ್ಲಿ ಉಳಿದ ಕಾಯಿ ತುರಿಯಲು ಹೋದೆ, ತಾವು ಮತ್ತೊಂದು ಹೊಡೆದಿರಿ. ನಾನು ಏಳಲು ಹೊರಟಾಗ ನಡುಮನೆಯಿಂದ ಅಮ್ಮನ ಧ್ವನಿ ಬಂತು: “ವಾಗೀಶಾ, ಎದ್ದೀಯಾ ಮತ್ತೆ! ಅಲ್ಲೇ ಕೂತಿರು.”

ನಮ್ಮಲ್ಲಿ ಆಟ ನೋಡುವಾಗ ಕೂತ ಭಂಗಿ ಬದಲಿಸಬಾರದೆಂಬ ಶಾಸ್ತ್ರವೊಂದಿದೆ. ಯಾರು ಎಲ್ಲಿ ಹೇಗೆ ಕೂತಾಗ ನಮ್ಮವರಿಗೆ ಒಳ್ಳೆಯದಾಯಿತೋ ಅವರು ಅಲ್ಲೇ ಹಾಗೇ ಕೂತಿರಬೇಕು. ಕ್ರಿಕೆಟ್ಟಿನ ಕಾಲದಲ್ಲಿ ನಮ್ಮ ಸೋದರಮಾವ ಒಂದು ಕಾಲು ಎತ್ತಿಕೊಂಡೇ ಇಪ್ಪತ್ತು ಓವರು ನಿಂತಿದ್ದುಂಟು. ನಾನು ವಿಜ್ಞಾನ ಓದಿದವನು, ಬ್ರೇಕಿಗೂ ಚಕ್ರಕ್ಕೂ ಇರುವ ಸಂಬಂಧ ಬಲ್ಲವನು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು, ಅಷ್ಟೇ ಎಂದು ವಾದಿಸಿದೆ. ಅಮ್ಮ, “ಹಂಗಾದ್ರೆ ಕಾಗೆ ಕೂತೇ ಇರ್ಲಿ ಬುಡು, ನಿಂಗೇನು ಕಷ್ಟ?” ಎಂದರು. ಎರಡನೇ ಪಂದ್ಯದಲ್ಲಿ ನಾನು ದಂಗೆಯೆದ್ದು ನಡುಮನೆಯಲ್ಲೇ ಕೂತೆ. ತಾವು ನಾಲ್ಕು ಸೊನ್ನೆಯಿಂದ ಸೋತಿರಿ. ತಾವು ಅಂದು ಒಂದೇ ಒಂದು ಗೋಲು ಹೊಡೆದಿದ್ದರೂ ನನ್ನ ಮಾನ ಉಳಿಯುತ್ತಿತ್ತು. ಕ್ರಿಕೆಟ್ಟು ಬಿಟ್ಟು ಬೇರೆ ಆಟವನ್ನೇ ಅರಿಯದ ದೇವರಾಜು ಕೂಡ ಎದ್ದು ಹೋಗುವಾಗ, “ತಪ್ಪು ತಿಳ್ಕೋಬೇಡಿ ಸಾರ್, ನೀವು ಒಳಗಿದ್ರೇನೇ ಚೆಂದ” ಎಂದರು. ಮೂರನೇ ಪಂದ್ಯದಿಂದ ತುರಿಮಣೆಯೇ ನನಗೆ ಗತಿಯಾಯಿತು.

ಆಮೇಲೆ ರೆಕಾರ್ಡಿಂಗ್ ನೋಡಬಹುದಿತ್ತಲ್ಲ ಎಂದು ತಾವು ಕೇಳಬಹುದು. ಅದಕ್ಕೂ ಅಪ್ಪಣೆ ಇರಲಿಲ್ಲ. “ಪೈರು ಬರ್ತಿರೋವಾಗ ಕಿತ್ತು ಬೇರು ನೋಡ್ತಾರೇನೋ?” ಎಂದು ಅಮ್ಮ ತಡೆದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತೆ, ತಾವು ಅಲ್ಲಿ ಗೋಲಿನ ಮೇಲೆ ಗೋಲು ಹೊಡೆಯುತ್ತಿದ್ದರೆ ನಾನು ಇಲ್ಲಿ ಗೋಡೆಗೆ ಮುಖ ಮಾಡಿ ಕೂತು, ಹೊರಗಿನ ಗದ್ದಲದಿಂದಲೇ ಆಟವನ್ನು ಊಹಿಸಿಕೊಳ್ಳುತ್ತಿದ್ದೆ. ನನಗಿದ್ದ ಏಕೈಕ ವೀಕ್ಷಕ ವಿವರಣೆ ದೇವರಾಜು ಅವರದು. ಅವರ ಪ್ರಕಾರ ಆಫ್‌ಸೈಡ್ ಎಂದರೆ ನೋಬಾಲು. ತಮ್ಮ ನಾಯಕರನ್ನು ಅವರು ಸೀಸನ್ನಿನುದ್ದಕ್ಕೂ “ಕೆಂಪು ಕೂದ್ಲೋನು” ಎಂದೇ ಕರೆದರು. “ಸಾರ್, ಹಾಕ್ಬುಟ್ಟ! ಆ ಕೆಂಪು ಕೂದ್ಲೋನು ಹಾಕ್ಬುಟ್ಟ!” ಎಂಬುದಕ್ಕಿಂತ ಹೆಚ್ಚಿನ ತಾಂತ್ರಿಕ ಮಾಹಿತಿ ನನಗೆ ಒಂಬತ್ತು ತಿಂಗಳು ಸಿಗಲಿಲ್ಲ. ನಲವತ್ತೊಂದು ವರ್ಷ ತಪಸ್ಸು ಮಾಡಿದವನಿಗೆ ತುರಿಮಣೆ, ಏಣಿ ಕೇಳಲು ಬಂದವರಿಗೆ ಆರಾಮ ಕುರ್ಚಿ.

ನಮ್ಮ ಮನೆಯವರು ಕುರುಡು ನಂಬಿಕೆಯವರೆಂದು ತಾವು ಭಾವಿಸಬಾರದು. ಅವರು ಪ್ರಯೋಗಗಳನ್ನೂ ಮಾಡಿದ್ದಾರೆ. ಅಕ್ಟೋಬರಿನ ಒಂದು ಶನಿವಾರ ಕಾಯಿಯಿಲ್ಲದೆ ನನ್ನನ್ನು ಬರಿದೇ ಮಣೆಯ ಮೇಲೆ ಕೂರಿಸಿದರು, ತಾವು ಸೋತಿರಿ. ಆದ್ದರಿಂದ ಕೂತರೆ ಸಾಲದು, ತುರಿಯಲೇಬೇಕೆಂದು ಸಿದ್ಧವಾಯಿತು. ತಮ್ಮ ಮಂಗಳವಾರದ ಪಂದ್ಯಗಳು ನಮಗೆ ನಿದ್ದೆಯ ಹೊತ್ತಾದ್ದರಿಂದ, ಅವಕ್ಕೆ ಸಂಜೆಯೇ ಮುಂಗಡವಾಗಿ ತುರಿದಿಟ್ಟು ಮಲಗುತ್ತಿದ್ದೆವು; ಅವುಗಳಲ್ಲಿ ತಾವು ಹೆಚ್ಚಾಗಿ ಡ್ರಾ ಮಾಡಿಕೊಂಡಿದ್ದನ್ನು ಗಮನಿಸಿ ಮುಂಗಡ ಕಾಯಿಗೆ ಅರ್ಧ ಶಕ್ತಿ ಮಾತ್ರ ಎಂದು ಸಿಂಚನ ತೀರ್ಮಾನಿಸಿದಳು. ಪೆನಾಲ್ಟಿ ಸಿಕ್ಕಾಗ ತುರಿಯುತ್ತಲೇ ಇರಬೇಕೋ, ಉಸಿರು ಬಿಗಿಹಿಡಿದು ನಿಲ್ಲಿಸಬೇಕೋ ಎಂಬ ಬಗ್ಗೆ ಇನ್ನೂ ಭಿನ್ನಾಭಿಪ್ರಾಯವಿದೆ. ಇತ್ತ ತುರಿದ ಕಾಯಿಗೆ ದಾರಿ ಕಾಣಿಸಲು ಮಧುಶ್ರೀ ಭಾನುವಾರ ಚಟ್ನಿ, ಸೋಮವಾರ ಕಾಯನ್ನ, ಮಂಗಳವಾರ ಹುಳಿಗೆ ರುಬ್ಬಿ, ಬುಧವಾರ ಕೊಬ್ಬರಿ ಮಿಠಾಯಿ ಮಾಡಿ, ಉಳಿದದ್ದನ್ನು ಡಬ್ಬಿಗಳಲ್ಲಿ ತುಂಬಿ ಬೀದಿಗೆಲ್ಲ ಹಂಚಿದಳು. ತಮ್ಮ ಗೆಲುವಿನ ರುಚಿಯನ್ನು ನಮ್ಮ ಇಡೀ ಕ್ರಾಸು ಬಲ್ಲದು ಎಂದು ತಿಳಿಸಲು ಹೆಮ್ಮೆಯೆನಿಸುತ್ತದೆ.

ಇಷ್ಟನ್ನೆಲ್ಲ ನಾನು ನುಂಗಿಕೊಳ್ಳುತ್ತಿದ್ದೆ. ಆದರೆ ಏಪ್ರಿಲ್ಲಿನಲ್ಲಿ ತಾವು ಒಂದು ಪ್ರಶಸ್ತಿಪತ್ರ ಕಳಿಸಿದಿರಿ. ಸಿಂಚನ ಪ್ರತಿ ವಾರ ತಮ್ಮ ಪುಟಕ್ಕೆ ನಮ್ಮ ನಡುಮನೆಯ ಫೋಟೊ ಹಾಕುತ್ತಿದ್ದಳಂತೆ. ಅದನ್ನು ಮೆಚ್ಚಿ ತಾವು, ವರ್ಷದ ಕಡಲಾಚೆಯ ಅಭಿಮಾನಿ ಎಂಬ ಬಿರುದನ್ನು ಮೈಸೂರಿನ ಶ್ರೀ ದೇವರಾಜು ಮತ್ತು ಕುಟುಂಬಕ್ಕೆ ದಯಪಾಲಿಸಿದ್ದೀರಿ. ಮಾನ್ಯರೇ, ಪ್ರಶಸ್ತಿಪತ್ರದಲ್ಲಿ ತಾವು ಅಚ್ಚು ಹಾಕಿಸಿದ ಫೋಟೊದಲ್ಲಿ ದೇವರಾಜು ಅವರ ಎಡಕ್ಕಿರುವವರು ನನ್ನ ತಾಯಿ. ಬಲಕ್ಕಿರುವವಳು ನನ್ನ ಹೆಂಡತಿ. ಹಿಂದೆ ಬಾಗಿಲ ಸಂದಿಯಲ್ಲಿ ಅರ್ಧ ಕಾಣುವ ಮೊಣಕಾಲು ನನ್ನದು. ದೇವರಾಜು ಸಜ್ಜನರು, “ಎಂಥಾ ಕೆಲ್ಸ ಆಗೋಯ್ತು ಸಾರ್” ಎಂದು ನಿಜವಾಗಿ ನೊಂದುಕೊಂಡು, ಆಮೇಲೆ ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾರೆ. ನನ್ನ ಮೊಣಕಾಲು ಅಲ್ಲಿ ಗಾಜಿನ ಹಿಂದೆ ಸುರಕ್ಷಿತವಾಗಿದೆ.

ಈಗ ಮೇ ತಿಂಗಳ ಮೊದಲ ಶನಿವಾರದ ವಿಚಾರ. ಅಂದು ಗೆದ್ದರೆ ಮಾತ್ರ ಬಡ್ತಿ, ಡ್ರಾ ಆದರೂ ಇಲ್ಲ. ಬೆಳಗ್ಗೆಯೇ ನಾನು ಮನೆಯವರೆದುರು ಕೈಮುಗಿದು, ಇದೊಂದು ದಿನ ನೋಡಲು ಬಿಡಿ, ಡೆನಿಸ್‌ಗೆ ಮಾತು ಕೊಟ್ಟಿದ್ದೇನೆ ಎಂದು ಕೇಳಿಕೊಂಡೆ. ಯಾರೂ ಬೇಡ ಎನ್ನಲಿಲ್ಲ, ಯಾರೂ ಹೂಂ ಎನ್ನಲೂ ಇಲ್ಲ. ಸಂಜೆ ಏಳೂವರೆಗೆ ಆಟ ಶುರುವಾದಾಗ ನಾನೇ ಎದ್ದು ಒಳಗೆ ಹೋದೆ. ಒಂದು ಒಂದರ ಸಮದಲ್ಲಿ ಆಟ ಎಂಬತ್ತೆಂಟನೇ ನಿಮಿಷಕ್ಕೆ ಬಂದಿತ್ತು. ನಾನು ನಾಲ್ಕನೇ ಹೋಳು ಹಿಡಿದಿದ್ದೆ. ಕೋಲಿನ ಸದ್ದು ಕೇಳಿ ತಿರುಗಿದರೆ ಅಮ್ಮ. ಹತ್ತು ವರ್ಷದಿಂದ ನೆಲಕ್ಕೆ ಕೂರಲಾಗದ ಅವರು ಬಾಗಿಲು ಹಿಡಿದು ನಿಂತು, “ಏಳೋ ವಾಗೀಶಾ. ಹೋಗಿ ನೋಡು. ಗೆದ್ರೂ ಸೋತ್ರೂ ನಿನ್ನ ತಂಡ ಕಣೋ. ಮಣೆ ಎತ್ತಿ ಕಟ್ಟೆ ಮೇಲಿಡು, ನಾನು ನಿಂತ್ಕೊಂಡೇ ತುರೀತೀನಿ” ಎಂದರು.

ನಾನು ಏಳಬಹುದಿತ್ತು. ಹತ್ತು ಹೆಜ್ಜೆ ನಡೆದಿದ್ದರೆ ಟಿವಿ ಇತ್ತು. ನಲವತ್ತೊಂದು ವರ್ಷದ ಆಸೆ, ಸತ್ತ ಗೆಳೆಯನಿಗೆ ಕೊಟ್ಟ ಮಾತು, ತಾಯಿಯ ಅಪ್ಪಣೆ, ಎಲ್ಲವೂ ನನ್ನ ಕಡೆಗಿದ್ದವು. ವಿಜ್ಞಾನವೂ ನನ್ನ ಕಡೆಗೇ ಇತ್ತು. ಆದರೂ ನಾನು, “ಬೇಡಮ್ಮ, ಈ ಹೋಳು ಮುಗೀಲಿ” ಎಂದುಬಿಟ್ಟೆ. ನೋಡಿ ಸೋಲುವುದಕ್ಕಿಂತ ನೋಡದೆ ಗೆಲ್ಲುವುದೇ ನನಗೆ ಹೆಚ್ಚಾಗಿತ್ತು, ಅದು ನನಗೆ ಆ ಗಳಿಗೆಯವರೆಗೆ ಗೊತ್ತಿರಲಿಲ್ಲ. ಅಮ್ಮ ವಾಪಸ್ಸು ಹೋಗಲಿಲ್ಲ, ನನ್ನ ಭುಜದ ಮೇಲೆ ಕೈಯಿಟ್ಟು ಅಲ್ಲೇ ನಿಂತರು. ಹೆಚ್ಚುವರಿ ಸಮಯದ ಮೂರನೇ ನಿಮಿಷದಲ್ಲಿ ತಾವು ಆ ಗೋಲು ಹೊಡೆದಾಗ ನಮ್ಮ ಮನೆಯಲ್ಲಿ ಅದನ್ನು ನೋಡದವರು ಇಬ್ಬರಿದ್ದೆವು. ದೇವರಾಜು ಏನು ಕೂಗಿದರೋ ಅರ್ಥವಾಗಲಿಲ್ಲ. ಮಧುಶ್ರೀ ಕೂಗಿದ್ದು ಮಾತ್ರ ಸ್ಪಷ್ಟವಾಗಿ ಕೇಳಿಸಿತು: “ರೀ, ನಿಮ್ಮೋರು ಗೆದ್ರು ಕಣ್ರೀ!” ನಾನು ಅತ್ತುಬಿಟ್ಟೆ, ಹೇಳಿಕೊಳ್ಳಲು ಸಂಕೋಚವೇನಿಲ್ಲ. ಇಷ್ಟು ವರ್ಷ ತಮ್ಮ ಸೋಲನ್ನು ನಾನು ಒಬ್ಬನೇ ಅನುಭವಿಸಿದ್ದೆ. ಗೆಲುವಿಗೆ ಒಂದು ಮನೆ ಜನ ಇದ್ದರು.

ಮರುದಿನ ಅಮ್ಮನ ಅಪ್ಪಣೆ ಪಡೆದು ರೆಕಾರ್ಡಿಂಗ್ ನೋಡಿದೆ. ಚೆಂಡು ತಮ್ಮ ಆಟಗಾರನ ಕಾಲಿಗೆ ಸರಿಯಾಗಿ ಸಿಗದೆ, ಎದುರಾಳಿಯ ಸೊಂಟಕ್ಕೆ ತಾಗಿ, ದಾರಿ ತಪ್ಪಿದವರ ಹಾಗೆ ಒಳಗೆ ಹೋಗಿದೆ. ನಾನು ಅಡುಗೆಮನೆಯಲ್ಲಿ ಕೇಳಿಸಿಕೊಂಡ ಗೋಲು ಇದಕ್ಕಿಂತ ಬಹಳ ಚೆನ್ನಾಗಿತ್ತು.

ಆದ್ದರಿಂದ ತಮ್ಮಲ್ಲಿ ಬೇಡಿಕೊಳ್ಳುವುದೇನೆಂದರೆ, ಅದೇ ಇಪ್ಪತ್ತೆರಡು ಜನ ಆಟಗಾರರನ್ನು ಯಾವುದಾದರೊಂದು ಭಾನುವಾರ ಮತ್ತೆ ಕರೆಸಿ, ಅದೇ ಪಂದ್ಯವನ್ನು ಅದೇ ಫಲಿತಾಂಶ ಬರುವಂತೆ ಇನ್ನೊಮ್ಮೆ ಆಡಿಸಿ, ಕೊನೆಯ ಗೋಲನ್ನು ಮಾತ್ರ ಸ್ವಲ್ಪ ನೀಟಾಗಿ ಹೊಡೆಸಬೇಕು. ಮುಂದೆ ಗೋಲು ಹೊಡೆಯುವ ಎರಡು ನಿಮಿಷ ಮೊದಲು ಗಂಟೆ ಬಾರಿಸಿದರೆ ಕೈತೊಳೆದು ಬರಲು ಅನುಕೂಲ. ತಂಡದ ಪಟ್ಟಿಯಲ್ಲಿ ಗೋಲ್‌ಕೀಪರರ ಹಿಂದೆ ಒಂದು ಸ್ಥಾನ ಸೃಷ್ಟಿಸಿ ಅಲ್ಲಿ ನನ್ನ ಹೆಸರನ್ನು ಸೇರಿಸಬೇಕು. ಪ್ರಶಸ್ತಿಪತ್ರದಲ್ಲಿ ಕುಟುಂಬ ಎಂಬ ಪದದ ಬಗ್ಗೆ ತಿದ್ದುಪಡಿ ಹೊರಡಿಸಿದರೆ ಮಧುಶ್ರೀಯೂ ಕೃತಜ್ಞಳಾಗಿರುತ್ತಾಳೆ.

ಸೋತಾಗ ಬಿಡದ, ಗೆದ್ದಾಗ ನೋಡದ
ತಮ್ಮ ವಿಶ್ವಾಸಿ,
ವಾಗೀಶ
ಕೃಷ್ಣಮೂರ್ತಿಪುರಂ, ಮೈಸೂರು

ತಾ.ಕ.: ಈ ಪತ್ರ ಮುಗಿಸುವ ಹೊತ್ತಿಗೆ ದೇವರಾಜು ಬಂದು, “ಬರೋ ವರ್ಷ ನೀವು ಆಚೆ ಕೂತ್ಕಳಿ ಸಾರ್, ಕಾಯಿ ನಾನು ತುರೀತೀನಿ” ಎಂದರು. ಮನೆಯವರೆಲ್ಲ ಒಪ್ಪಿದರು, ಅಮ್ಮನೂ ಒಪ್ಪಿದರು. ಒಂದು ಹೋಳು ಕೊಟ್ಟು ಪರೀಕ್ಷಿಸಿದೆ: ಚಿಪ್ಪಿನವರೆಗೂ ಕೆರೆದು ಬಿಳಿ ತುರಿಗೆಲ್ಲ ಕಪ್ಪು ಬೆರೆಸಿದರು. ತಮ್ಮ ರಕ್ಷಣಾ ವಿಭಾಗದ ಇಬ್ಬರನ್ನು ಈ ವರ್ಷ ತಾವು ಬದಲಾಯಿಸುತ್ತೀರೆಂದು ಕೇಳಿದ್ದೇನೆ, ಬಹಳ ಸಂತೋಷ, ಮೂರನೆಯವರನ್ನೂ ಬದಲಾಯಿಸಿ. ಆದರೆ ಮೇಲಿನ ದರ್ಜೆಗೆ ಹೋಗುತ್ತಿರುವ ಕ್ಲಬ್ಬನ್ನು ಇಂಥ ಕೈಗೆ ಕೊಟ್ಟು ನಾನು ಟಿವಿ ಮುಂದೆ ಕೂರಲಾರೆ. ಆಗಸ್ಟಿಗೆ ಮಣೆಯ ಹಲ್ಲು ಮಸೆಯಲು ಕೊಟ್ಟಿದ್ದೇನೆ.