ಪಾಲಾಕ್ಷ ಕಂಡ ಮೀನುಗಳು

"ನಿಂಗೆ ಸಮುದ್ರದ ತಳಾನೇ ತೋರಿಸ್ತೀನಿ ಕಣೆ ನೀಲಾ!" ಎಂದು ಹೊಳೆನರಸೀಪುರದ ಪಾಲಾಕ್ಷ ಅಂಗಡಿಯ ಗಲ್ಲಾಪೆಟ್ಟಿಗೆಗೆ ಗುದ್ದಿ ಶಪಥ ಮಾಡಿದ. ಗುದ್ದಿದ ರಭಸಕ್ಕೆ ಹಿಂದಿನ ಶೆಲ್ಫಿನ ಬ್ಲೌಸ್ ಪೀಸುಗಳು ಒಂದರ ಹಿಂದೊಂದು ಜಾರಿ ಅವನ ತಲೆಯ ಮೇಲೆ ಬಿದ್ದವು. ಭೀಷ್ಮ ಪ್ರತಿಜ್ಞೆ ಮಾಡಿದಾಗ ಆಕಾಶದಿಂದ ಹೂಮಳೆ ಸುರಿಯಿತಂತೆ. ಪಾಲಾಕ್ಷನ ಪ್ರತಿಜ್ಞೆಗೆ ಬ್ಲೌಸ್ ಪೀಸಿನ ಮಳೆ!

"ಮೊದ್ಲು ಅವನ್ನೆಲ್ಲ ಮಡಚಿಡಿ," ಎಂದಳು ನೀಲಾಂಬಿಕೆ. "ಬಣ್ಣಬಣ್ಣ ಬ್ಯಾರೆ ಮಾಡಿ ಇಡ್ರೀ."

ಪಾಲಾಕ್ಷನಿಗೆ ಆಗದ ಕೆಲಸವೆಂದರೆ ಅದೊಂದೇ. ಹೆಂಡತಿಯ ಹೆಸರಿನ 'ನೀಲಾ ಮ್ಯಾಚಿಂಗ್ ಸೆಂಟರ್'ನಲ್ಲಿ ಮದುವೆಯಾದಾಗಿನಿಂದ ಕೂತಿದ್ದರೂ ಅವನ ಪಾಲಿಗೆ ಲೋಕದಲ್ಲಿರುವುದು ನಾಲ್ಕೇ ಬಣ್ಣ: ಕೆಂಪು, ಹಸಿರು, ಹಳದಿ, ಮಿಕ್ಕಿದ್ದು. ಅವನದು ಗಲ್ಲಾ, ಕರೆಂಟ್ ಬಿಲ್ಲು ಮತ್ತು ಗಿರಾಕಿಗಳ ಜೊತೆ ರಾಜಕೀಯ. ಬಣ್ಣವೆಲ್ಲ ನೀಲಾಂಬಿಕೆಯದು. ಅರಕಲಗೂಡಿನಿಂದ, ಚನ್ನರಾಯಪಟ್ಟಣದಿಂದ ಹೆಂಗಸರು ಸೀರೆ ಹಿಡಿದುಕೊಂಡು ಅವಳನ್ನೇ ಹುಡುಕಿಕೊಂಡು ಬರುತ್ತಿದ್ದರು. ಸೀರೆಯನ್ನು ಒಮ್ಮೆ ನೋಡಿ, ಮಾತಾಡುತ್ತಲೇ ಕೈ ಹಿಂದಕ್ಕೆ ಚಾಚಿದರೆ ಸಾಕು, ಸರಿಯಾದ ಪೀಸು ಅವಳ ಬೆರಳಿಗೆ ಬಂದು ಕೂರುತ್ತಿತ್ತು.

ಹೋದ ದೀಪಾವಳಿಗೆ ಮೊದಲ ಸಲ ಒಂದು ಪೀಸು ವಾಪಸ್ಸು ಬಂತು. "ಅಕ್ಕಾ, ಆನಂದ ಬ್ಲೂ ಸೀರೆಗೆ ರಾಮಾ ಗ್ರೀನ್ ಕೊಟ್ಬುಟ್ಟಿದ್ದೀರಲ್ಲಾ?" ನೀಲಾಂಬಿಕೆ ನಕ್ಕು ಬದಲಿಸಿ ಕೊಟ್ಟಳು. ಆಮೇಲೆ ಇನ್ನೊಂದು ಬಂತು. ಮತ್ತೊಂದು ಬಂತು. ಹಾಸನದ ಕಣ್ಣಿನ ಡಾಕ್ಟರು ದೀಪ ಹಿಡಿದು ಬಹಳ ಹೊತ್ತು ನೋಡಿ, "ಕಣ್ಣಿನ ನರ ಒಣಗ್ತಾ ಇದೆ. ಹೋದದ್ದು ವಾಪಸ್ ಬರೋದಿಲ್ಲ. ಉಳಿದದ್ದೂ ಎಷ್ಟು ದಿನ ಅಂತ ಹೇಳಕ್ಕಾಗಲ್ಲ," ಎಂದು ಉಳಿದ ನೋಟಕ್ಕೊಂದು ಕನ್ನಡಕ ಬರೆದುಕೊಟ್ಟರು. ದಾರಿಯುದ್ದಕ್ಕೂ ನೀಲಾಂಬಿಕೆ ಬಸ್ಸಿನ ಕಿಟಕಿಯಿಂದ ಆಚೆ ನೋಡುತ್ತಿದ್ದಳು. ಪಾಲಾಕ್ಷ ಅವಳನ್ನೇ ನೋಡುತ್ತಿದ್ದ.

ಆಮೇಲೆ ಮನೆಯಲ್ಲಿ ಆ ವಿಷಯ ಯಾರೂ ಎತ್ತುವಂತಿರಲಿಲ್ಲ. "ನಾಳೆ ನಂಗೆ ಕಣ್ಣು ಕಾಣ್ದೇ ಇದ್ರೆ ಅಂಗಡಿ..." ಎಂದು ಅವಳು ಶುರು ಮಾಡಿದರೆ ಸಾಕು, ಪಾಲಾಕ್ಷ ಚೇಳು ಕಡಿದವನ ಹಾಗೆ ಹಾರಿ ಬೀಳುತ್ತಿದ್ದ: "ಥೂ, ಬಿಡ್ತು ಅನ್ನು! ಬಿಡ್ತು ಅನ್ನೇ ಮೊದ್ಲು!" ಅವಳು "ಬಿಡ್ತು" ಅನ್ನುತ್ತಿದ್ದಳು. ಕೆಟ್ಟ ಮಾತು ಬಾಯಿಂದ ಬಂದರೆ ನಿಜವಾಗಿಬಿಡುತ್ತದೆ ಎಂದು ಹೆದರುವ ಮನೆತನ ಅವನದು. ಹಾಸನದಲ್ಲಿರುವ ಮಗಳು ಮಾನ್ಯ ಫೋನ್ ಮಾಡಿ ಕೇಳಿದರೂ "ಎಲ್ಲಾ ಸರಿ ಆಯ್ತದೆ" ಎಂದು ಹೇಳಿ, ಬಚ್ಚಲಿಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತು ಬರುತ್ತಿದ್ದ.

ಸಮುದ್ರದ ಹುಚ್ಚು ಹತ್ತಿದ್ದು ಮಾನ್ಯ ಹಾಸನದಿಂದ ಫೋನಿಗೆ ಕಳಿಸಿದ್ದೊಂದರಿಂದ. ಕರಾವಳಿಯ ಯಾವುದೋ ದ್ವೀಪದ ಪಕ್ಕ ನೀರಿನೊಳಗೆ ಬಣ್ಣದ ಮೀನುಗಳು ಓಡಾಡುವ ವಿಡಿಯೊ. ನೀಲಾಂಬಿಕೆ ಫೋನನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, "ಇಷ್ಟು ಬಣ್ಣ ನಮ್ ಅಂಗಡೀಲೂ ಇಲ್ಲ ಕಣ್ರೀ," ಎಂದಿದ್ದಳು. ಅವಳು ಏನನ್ನಾದರೂ ಆಸೆಯಿಂದ ನೋಡಿ ಎಷ್ಟೋ ದಿನವಾಗಿತ್ತು. ಪಾಲಾಕ್ಷ ಗಲ್ಲಾಪೆಟ್ಟಿಗೆಗೆ ಗುದ್ದಿದ್ದು ಆಗಲೇ!

"ಒಂದು ದಿನಕ್ಕೂ ಮೀನು ತಿಂದಿರೋ ಮನೆ ಅಲ್ಲ, ದುಡ್ಡು ಕೊಟ್ಟು ಮೀನು ನೋಡಕ್ಕೋಯ್ತೀವಿ ಅಂದ್ರೆ ನೆಂಟ್ರು ಏನಂದಾರು?"

"ನೋಡಕ್ಕೆ ಕಣೆ, ಹುರಿಯಕ್ಕಲ್ಲ! ನಂಗೆ ಬಿಡು, ನಾನು ಹೇಮಾವತೀಲಿ ಈಜಿದೋನು. ಸಮುದ್ರ ಏನ್ಮಹಾ? ಅದೂ ನೀರೇ ತಾನೆ!"

ಬೋಟಿನ ಗೈಡಿಗೆ ಫೋನ್ ಮಾಡಿ ಬುಕ್ ಮಾಡಿದ್ದೂ ಅವನೇ. ಆ ಮನುಷ್ಯ ಪದ್ಧತಿಯಂತೆ ಕೇಳಿದ: "ಬಿಪಿ ಉಂಟಾ ಸರ್? ಹಾರ್ಟ್? ಕಣ್ಣಿಂದು ಸಮಸ್ಯೆ ಎಂತಾದ್ರೂ ಉಂಟಾ?"

ಪಕ್ಕದಲ್ಲೇ ನೀಲಾಂಬಿಕೆ ಕೂತಿದ್ದಳು. ಪಾಲಾಕ್ಷ ಎದೆ ಉಬ್ಬಿಸಿ, "ನಮ್ಮನೇಲಿ ಯಾರಿಗೂ ಕಣ್ಣಿನ ತೊಂದ್ರೆ ಇಲ್ಲ!" ಎಂದುಬಿಟ್ಟ. ಹಾಗೆ ಹೇಳುವಾಗ ಅವನ ಮೂಗಿನ ಮೇಲಿದ್ದ ಕನ್ನಡಕ ಸೋಡಾ ಬಾಟಲಿಯ ತಳದಷ್ಟು ದಪ್ಪವಿತ್ತು. ಹೆಸರಿಗೇನೋ ಪಾಲಾಕ್ಷ, ಹಣೆಗಣ್ಣಿನ ದೇವರು. ಕನ್ನಡಕ ತೆಗೆದರೆ ಎದುರಿಗಿರುವುದು ಎಮ್ಮೆಯೋ ಎಂಎಲ್ಎಯೋ ತಿಳಿಯುತ್ತಿರಲಿಲ್ಲ.

ಕರಾವಳಿಯ ಆ ಊರಿನ ಹೆಸರು ಬೇಡ. ಅಲ್ಲಿನ ಬೋಟಿನವರು ಪಾಲಾಕ್ಷನನ್ನು ಇನ್ನೂ ಮರೆತಿಲ್ಲ. ಬೆಳಿಗ್ಗೆ ದಡದಲ್ಲಿ ದಪ್ಪ ಮೀಸೆಯ ಗೈಡು ಎಲ್ಲರಿಗೂ ಕೇಸರಿ ಬಣ್ಣದ ಲೈಫ್ ಜಾಕೆಟ್ ತೊಡಿಸಿದ. ಮಗಳ ಹಳೆಯ ಚೂಡಿದಾರ ಹಾಕಿಕೊಂಡು ನಾಚಿ ನಿಂತಿದ್ದ ನೀಲಾಂಬಿಕೆ, ಜಾಕೆಟ್ಟನ್ನು ಕಣ್ಣ ಹತ್ತಿರ ಹಿಡಿದು, "ಈ ಕೇಸರಿ ನನ್ ಟಾಪಿಗೆ ಒಪ್ಪಲ್ಲ ಕಣ್ರೀ, ಬ್ಯಾರೆ ಬಣ್ಣದ್ದು ಇದ್ಯಾ ಕೇಳಿ," ಎಂದಳು.

ಯೋಜನೆ ಘನವಾಗಿತ್ತು. ಮೊದಲ ದ್ವೀಪದಲ್ಲಿ ಫೋಟೊ, ಎರಡನೆಯದರಲ್ಲಿ ಎಳನೀರು, ಮೂರನೆಯದರ ಪಕ್ಕದಲ್ಲಿ ಬಾಯಿಗೆ ಪೈಪು ಕಚ್ಚಿ, ಕಣ್ಣಿಗೆ ಗಾಜಿನ ಮಾಸ್ಕ್ ಕಟ್ಟಿ, ನೀರಲ್ಲಿ ಮುಖವಿಟ್ಟು ಮೀನು ನೋಡುವುದು. ಆದರೆ ಸ್ಪೀಡ್ ಬೋಟು ಒಂದೊಂದು ಅಲೆಗೂ ಎದ್ದೆದ್ದು ಬೀಳತೊಡಗಿದಾಗ ಹೇಮಾವತಿಯ ವೀರನ ಹೊಟ್ಟೆಯಿಂದ ಬೆಳಗಿನ ತಟ್ಟೆ ಇಡ್ಲಿ ತಾನೂ ದ್ವೀಪ ನೋಡಬೇಕೆಂದು ಆಚೆ ಬಂತು! ಮೊದಲ ದ್ವೀಪದಲ್ಲಿ ಮರದ ಕೆಳಗೆ ಅಂಗಾತ ಮಲಗಿದ. ಎರಡನೆಯದರಲ್ಲೂ ಅಂಗಾತ ಮಲಗಿದ. ಎಲ್ಲರ ಫೋನಿನಲ್ಲೂ ದ್ವೀಪದ ಹಿನ್ನೆಲೆಯಲ್ಲಿ ಪಾಲಾಕ್ಷನ ಎರಡು ಪಾದಗಳಿವೆ.

ಮೂರನೆಯ ದ್ವೀಪದ ಹತ್ತಿರ ಬೋಟು ನಿಂತಿತು. ನೀಲಾಂಬಿಕೆಯ ಮುಖ ಬೆಳಗುತ್ತಿತ್ತು. ಗೈಡು ಮಾಸ್ಕ್ ಹಿಡಿದುಕೊಂಡು ಬಂದು, "ಕನ್ನಡಕ ತೆಗೀರಿ ಅಕ್ಕ. ನೀವೂ ತೆಗೀರಿ ಸರ್," ಎಂದ.

"ಕನ್ನಡಕ ಯಾಕೆ ತೆಗೀಬೇಕು?"

"ಕನ್ನಡಕದ ಮೇಲೆ ಮಾಸ್ಕ್ ಕೂರುದಿಲ್ಲ, ನೀರು ಒಳಗೆ ಬರ್ತದೆ. ಪವರ್ ಇರುವ ಮಾಸ್ಕ್ ಮನೆಯಲ್ಲಿ ಉಂಟು ಮಾರಾಯ್ರೆ. ಫೋನಲ್ಲಿ ನಾನು ಕೇಳಿದ್ದೆ ಅಲ್ವಾ? ಒಂದು ಮಾತು ಹೇಳಿದ್ರೆ ತರ್ತಿದ್ದೆ."

ಪಾಲಾಕ್ಷನಿಗೆ ಸಮುದ್ರವೇ ಎದ್ದು ಕೆನ್ನೆಗೆ ಬಾರಿಸಿದಂತಾಯಿತು. ಒಂದೇ ಒಂದು ಮಾತು. ಅದನ್ನು ಆಡಲಾರದೆ ನುಂಗಿಕೊಂಡಿದ್ದಕ್ಕೆ, ಇಷ್ಟು ದೂರ ಕರೆತಂದ ಹೆಂಡತಿಯ ಕಣ್ಣಿಗೆ ತಾನೇ ಬಟ್ಟೆ ಕಟ್ಟಿದಂತಾಗಿತ್ತು. ಇಬ್ಬರೂ ಕನ್ನಡಕ ತೆಗೆದರು. ಲೋಕವೆಲ್ಲ ಮಂಜು ಮಂಜಾಯಿತು. ಪಾಲಾಕ್ಷ ಕೈ ಚಾಚಿ, ಸಿಕ್ಕ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, "ಎದರ್ಕಬ್ಯಾಡ ಕಣೆ ನೀಲಾ, ನಾನಿದ್ದೀನಿ," ಎಂದ.

"ನಾನು ಸರ್, ನಾನು!" ಎಂದು ಗೈಡು ಕೈ ಕೊಸರಿಕೊಂಡ. "ಅಕ್ಕ ಆಚೆ ಬದಿ ಇದ್ದಾರೆ!"

ಅಂತೂ ಇಬ್ಬರನ್ನೂ ಗಾಳಿ ತುಂಬಿದ ಒಂದೇ ಟ್ಯೂಬಿಗೆ ತಗುಲಿಸಿ ನೀರಿಗೆ ಬಿಟ್ಟರು. ನೀಲಾಂಬಿಕೆ ಉಸಿರು ಬಿಗಿಹಿಡಿದು ಮುಖ ಮುಳುಗಿಸಿದಳು. ಬಹಳ ಹೊತ್ತು ಎತ್ತಲಿಲ್ಲ. ಎತ್ತಿದಾಗ ಬಾಯಿಂದ ಪೈಪು ತೆಗೆದು ಸುಮ್ಮನೆ ತೇಲಿದಳು.

"ಏನ್ ಕಾಣ್ತು?"

"ಬೆಳ್ಳಗದೆ. ಹೊಗೆ ತುಂಬಿದಂಗೆ." ನೀರಲ್ಲಿ ಕೈಯಾಡಿಸಿ, "ಓಗ್ಲಿ ಬುಡಿ, ನೀರು ತಂಪಾಗದೆ," ಎಂದಳು.

ಅವಳು ಬೈದಿದ್ದರೆ ಪಾಲಾಕ್ಷ ತಡೆದುಕೊಳ್ಳುತ್ತಿದ್ದ. ನೀರು ತಂಪಾಗಿದೆ ಎಂದು ಅವಳು ಅವನಿಗೆ ಸಮಾಧಾನ ಹೇಳಿದ್ದನ್ನು ತಡೆದುಕೊಳ್ಳಲಾಗಲಿಲ್ಲ. ತಾನೂ ಮುಖ ಮುಳುಗಿಸಿದ. ಹೊಗೆಯೇ! ಹೊಗೆಯೊಳಗೆ ಏನೋ ಒಂದು ಅಲ್ಲಾಡಿತು. ಅದು ಮೀನೂ ಇರಬಹುದು, ಅವನ ಕಾಲಿನ ಹೆಬ್ಬೆರಳೂ ಇರಬಹುದು. ದಡಕ್ಕನೆ ತಲೆ ಎತ್ತಿ ಕೂಗಿದ.

"ನೀಲಾ! ಮೀನು ಕಣೆ, ಮೀನು! ಹಳದಿ ಮೀನು!"

"ಯಾವ ಹಳದಿ?"

ಪಾಲಾಕ್ಷ ಕಂಗಾಲಾದ. "ಯಾವ ಹಳದಿ ಅಂದ್ರೆ... ಹಳದಿ ಹಳದಿ!"

"ನಿಂಬೆ ಹಳದೀನಾ, ಅರಿಶಿನಾನಾ, ಮೆಂತ್ಯಾನಾ? ಸರಿಯಾಗ್ ನೋಡ್ಕಂಡು ಯೋಳ್ರೀ!"

ಮತ್ತೆ ಮುಳುಗಿದ, ಉಪ್ಪುನೀರು ಕುಡಿದ, ಎದ್ದ. "ಮೆಂತ್ಯ!" ಮೆಂತ್ಯ ಅವನಿಗೆ ದೋಸೆಯಿಂದ ಪರಿಚಯ.

"ಬಾರ್ಡರು? ಅದೇ ಬಣ್ಣದ ಸೆಲ್ಫಾ, ಕಾಂಟ್ರಾಸ್ಟಾ?"

"ಕಾಂಟ್ರಾಸ್ಟು! ರಾಣಿ ಪಿಂಕು!"

"ಮೆಂತ್ಯಕ್ಕೆ... ರಾಣಿ ಪಿಂಕಾ?"

"ಕಣ್ಣಾರೆ ನೋಡ್ದೆ ಕಣೆ!"

ಮಂಜಿನಲ್ಲೂ ಅವಳು ನಕ್ಕದ್ದು ಅವನಿಗೆ ತಿಳಿಯಿತು. ಅಷ್ಟು ಸಾಕಾಯಿತು. ಮುಂದೆ ಪಾಲಾಕ್ಷನನ್ನು ಹಿಡಿಯುವವರಿರಲಿಲ್ಲ! ಅಷ್ಟು ವರ್ಷ ಬಿಲ್ಲಿನಲ್ಲಿ ಬರೆದಿದ್ದ ಬಣ್ಣದ ಹೆಸರುಗಳನ್ನೆಲ್ಲ ಒಂದೊಂದಾಗಿ ಸಮುದ್ರಕ್ಕೆ ಬಿಟ್ಟ. ಗಿಣಿ ಹಸಿರು ಮೈಗೆ ಕಾಫಿ ಬಣ್ಣದ ಬಾಲದ ಮೀನು ಬಂತು. ಕನಕಾಂಬರದ ಮೇಲೆ ಬಾಟಲ್ ಗ್ರೀನ್ ಚುಕ್ಕಿಯ ಮೀನು ಬಂತು. ಜರಿ ಸೆರಗಿದ್ದ ಮೀನೊಂದು ಸಂಸಾರ ಸಮೇತ ಬಂತು. ಒಂದೊಂದಕ್ಕೂ ಅವಳು "ಆಮೇಲೆ?" ಎನ್ನುತ್ತಿದ್ದಳು. ಒಂದೊಂದಕ್ಕೂ ಅವನು ಒಂದು ಲೋಟದಷ್ಟು ಸಮುದ್ರ ಕುಡಿಯುತ್ತಿದ್ದ.

ಈ ಕೂಗಾಟ ಕೇಳಿ ಬೋಟಿನ ಮಿಕ್ಕವರೆಲ್ಲ ಕೈಕಾಲು ಬಡಿಯುತ್ತ ಅವನ ಸುತ್ತ ಮುತ್ತಿದರು. ಎಲ್ಲರಿಗೂ ಜರಿ ಸೆರಗಿನ ಮೀನು ಬೇಕು! ಅವರಲ್ಲಿ ಚನ್ನರಾಯಪಟ್ಟಣದ ನಟರಾಜ ಎಂಬಾತ ನೀರು ಹೋಗದ ಕವರಿನಲ್ಲಿ ಫೋನ್ ಇಟ್ಟುಕೊಂಡಿದ್ದ.

"ಎಲ್ಲಿ ಸಾ? ನಂಗೆ ಬರೀ ಕಪ್ಪು ಪಟ್ಟೆ ಮೀನೇ ಕಾಣ್ತಾವೆ. ನೋಡಿ, ವಿಡಿಯೊ ತಗಂಡಿವ್ನಿ. ಪಿಂಕೂ ಇಲ್ಲ, ಜರೀನೂ ಇಲ್ಲ!"

ಪಾಲಾಕ್ಷ ಗಾಬರಿಯಾದ. ಸುಳ್ಳು ಸಿಕ್ಕಿಬಿದ್ದದ್ದಕ್ಕಲ್ಲ, ಅವಳ ನಗು ನಿಂತುಹೋಗುತ್ತದಲ್ಲ ಎಂದು.

"ನಿಮ್ ಫೋನಿಗೆ ಬಣ್ಣ ಗೊತ್ತಾಗಲ್ಲ ಬುಡಿ ಸಾ," ಎಂದಳು ನೀಲಾಂಬಿಕೆ ಖಡಕ್ಕಾಗಿ. "ನಮ್ ಯಜಮಾನ್ರು ಮ್ಯಾಚಿಂಗ್ ಸೆಂಟರ್ ಇಟ್ಟವ್ರೆ!"

ನಟರಾಜ ಪೆಚ್ಚಾಗಿ, ಫೋನ್ ಒರೆಸಿಕೊಂಡು ಮತ್ತೆ ಮುಳುಗಿದ. ಅಷ್ಟರಲ್ಲಿ ಎಲ್ಲರೂ ಹಿಡಿದು ಜಗ್ಗಿದ್ದಕ್ಕೆ ಟ್ಯೂಬು ಮಗುಚಿತು. ಗೈಡು ನೀರಿಗೆ ಹಾರಿ ಪಾಲಾಕ್ಷನನ್ನು ಜಾಕೆಟ್ಟಿನ ಕುತ್ತಿಗೆ ಹಿಡಿದು ಎಳೆದು ಬೋಟಿಗೆ ಹಾಕಿ, "ನಿಮ್ಮ ಮೀನು ಸಾಕು ಮಾರಾಯ್ರೆ, ಜನ ಮುಳುಗ್ತಾರೆ!" ಎಂದ. ವಾಪಸ್ಸು ಬರುವಾಗ ಪಾಲಾಕ್ಷನ ಕಣ್ಣಿಂದ ನೀರು ಇಳಿಯುತ್ತಲೇ ಇತ್ತು. ಸಮುದ್ರದಿಂದ ಎದ್ದುಬಂದವನು ಯಾಕೆ ಅಳುತ್ತೀಯೆಂದು ಯಾರೂ ಕೇಳುವುದಿಲ್ಲ. ಅವನು ಮನಸಾರೆ ಅತ್ತ.

ಊರಿಗೆ ಬಂದ ಮೇಲೆ ನೀಲಾಂಬಿಕೆ ಗಿರಾಕಿಗಳಿಗೆಲ್ಲ ಮೀನಿನ ಕಥೆ ಹೇಳತೊಡಗಿದಳು. ಪಾಲಾಕ್ಷ ಗಲ್ಲಾದಲ್ಲಿ ಕೂತು ಮೀಸೆಯಲ್ಲೇ ನಗುತ್ತಿದ್ದ. ಒಂದು ದಿನ ದಂಡಿಗನಹಳ್ಳಿಯ ಆಶಾರಾಣಿ ಸೀರೆ ತಂದಾಗಲೂ ಕಥೆ ಶುರುವಾಯಿತು. "ಬೂದು ಮೈಯಿ, ಅದಕ್ಕೆ ಈರುಳ್ಳಿ ಬಣ್ಣದ ರೆಕ್ಕೆ, ತೆಳ್ಳಗೆ ಬೆಳ್ಳಿ ಅಂಚು. ನೋಡ್ತಿದ್ರೆ ನೋಡ್ತಾನೇ ಇರ್ಬೇಕು!" ಆಶಾರಾಣಿ ಬಾಯಿ ಬಿಟ್ಟುಕೊಂಡು ಕೇಳಿ, ಸೀರೆ ಅಲ್ಲೇ ಬಿಟ್ಟು, "ಸಂತೆ ಮುಗಿಸ್ಕಂಡು ಬತ್ತೀನಿ, ಪೀಸ್ ತೆಗೆದಿಟ್ಟಿರಕ್ಕಾ," ಎಂದು ಹೋದಳು.

"ಬೂದು ಮೀನನ್ನ ನಾನ್ ಯಾವಾಗ್ ಯೋಳ್ದೆ?" ಎಂದ ಪಾಲಾಕ್ಷ. ಹೇಳಿ ನಾಲಿಗೆ ಕಚ್ಚಿಕೊಂಡ.

"ನೀವು ಯೋಳಿದ್ದು ಮೆಂತ್ಯಕ್ಕೆ ರಾಣಿ ಪಿಂಕು, ಗಿಣಿ ಹಸಿರಿಗೆ ಕಾಫಿ. ಅದನ್ನೇಳಿದ್ರೆ ಗಿರಾಕಿ ಇನ್ನೊಂದ್ಸಲ ಈ ಮೆಟ್ಲು ಹತ್ತಾರೇನ್ರೀ? ದೇವ್ರಾದೋನು ಅಂಥ ಮ್ಯಾಚಿಂಗ್ ಮಾಡ್ತಾನಾ? ಇದು ನಮ್ ಯಜಮಾನ್ರದ್ದೇ ಕೆಲಸ ಅಂತ ಅವತ್ತು ನೀರಲ್ಲೇ ಗೊತ್ತಾಯ್ತು."

"ಮತ್ಯಾಕೆ ಸುಮ್ಕಿದ್ದೆ?"

"ಅಷ್ಟು ಉಪ್ಪುನೀರು ಕುಡ್ಕಂಡು ಯೋಳ್ತಿದ್ರಿ. ನಿಲ್ಸಿ ಅನ್ನಕ್ಕೆ ಮನ್ಸು ಬರ್ಲಿಲ್ಲ." ಅವಳು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. "ಇನ್ನು ಎಲ್ಲಾನೂ ನೀವೇ ಯೋಳ್ಬೇಕಲ್ರೀ ನಂಗೆ. ಕಣ್ಣು ಪೂರ್ತಿ ಓಗ್ಬುಡ್ತದೆ."

ಪಾಲಾಕ್ಷ ಈ ಸಲ ಅವಳ ಬಾಯಿ ಮುಚ್ಚಿಸಲಿಲ್ಲ. "ಹೂಂ ಕಣೆ. ಓಗ್ಬುಡ್ತದೆ," ಎಂದ. ಬಚ್ಚಲಿಗೆ ಹೋಗದೆ, ನಲ್ಲಿ ಬಿಡದೆ, ನಡು ಅಂಗಡಿಯಲ್ಲಿ ಕೂತು ಅತ್ತ. ಅವಳೂ ಅತ್ತಳು. ಬೀದಿಯಲ್ಲಿ ಹೋಗುತ್ತಿದ್ದವರೊಬ್ಬರು ಇಣುಕಿ, ವ್ಯಾಪಾರ ಅಷ್ಟು ಡಲ್ಲಾಗಿದೆಯೇ ಎಂದುಕೊಂಡು ಮುಂದೆ ಹೋದರು.

ಕಡೆಗೆ ನೀಲಾಂಬಿಕೆ ಮುಖ ಒರೆಸಿಕೊಂಡು, ಆಶಾರಾಣಿ ಬಿಟ್ಟುಹೋಗಿದ್ದ ಸೀರೆಯನ್ನು ಟೇಬಲ್ಲಿನ ಮೇಲೆ ಹರವಿದಳು.

"ಇದ್ಯಾವ ಬಣ್ಣ ಯೋಳಿ."

"ಹಸಿರು."

"ಯಾವ ಹಸಿರು?"

ಪಾಲಾಕ್ಷನಿಗೆ ಅಳುವಿನ ನಡುವೆಯೂ ನಗು ಬಂತು. "ಪರೀಕ್ಷೆ ಮಾಡ್ತೀಯೇನೆ? ನಾನು ಫೇಲು, ಉತ್ತರ ನೀನೇ ಯೋಳ್ಬುಡು."

ನೀಲಾಂಬಿಕೆ ಸೀರೆಯ ಮೇಲೆ ಬೆರಳಾಡಿಸಿದಳು.

"ಗೊತ್ತಿದ್ರೆ ನಿಮ್ಮನ್ಯಾಕೆ ಕೇಳ್ತಿದ್ದೆ?"