ಕಮಲಾಪುರದ ದೋಣಿಗೆ ಹೊಸ ಹಲಗೆ

ಸೇಡಂ ರಸ್ತೆಯಲ್ಲಿ ನನ್ನದೊಂದು ಬಡಗಿ ಅಂಗಡಿ. ಸುಮ್ಮನೆ ಬಂದು ಸುಮ್ಮನೆ ಮುಗಿಯುವ ಕೆಲಸ ನನ್ನ ಹಣೆಯಲ್ಲಿ ಬರೆದೇ ಇಲ್ಲ. ಮಂಚ ಕೊಡಲು ಹೋದರೆ ಆ ಮನೆಯ ಬಾಗಿಲು ಚಿಕ್ಕದು. ಬಾಗಿಲು ಕೂರಿಸಲು ಹೋದರೆ ಗೋಡೆಯೇ ಎದ್ದಿರುವುದಿಲ್ಲ. ಆದರೆ ಈ ಸಲ ಬಂದದ್ದು ಎಲ್ಲವನ್ನೂ ಮೀರಿಸಿತು.

ಟ್ರಾಲಿಯ ಮೇಲೆ

ಟ್ರಾಕ್ಟರ್ ಟ್ರಾಲಿಯ ಮೇಲೆ ಒಂದು ಹಳೆಯ ಮೋಟಾರು ದೋಣಿ ಬಂದು ಅಂಗಡಿ ಮುಂದೆ ನಿಂತಿತು. ಕಮಲಾಪುರದ ಕಡೆ ಕೆರೆಯಲ್ಲಿ ಜನರನ್ನು ಸುತ್ತಾಡಿಸುವ ಸಾವಕಾರರ ದೋಣಿ. ಹಿಂಭಾಗದಲ್ಲಿ, ನೀರಿಗೆ ಸಮವಾಗಿ ಒಂದು ಅಗಲ ಹಲಗೆ. ದೋಣಿ ಹತ್ತುವವರು, ಈಜಿ ಬಂದವರು ಕಾಲಿಡುವುದು ಅದರ ಮೇಲೆ. ಅದು ನೀರು ಕುಡಿದು ಕೆಟ್ಟಿತ್ತು. ನನಗೋ ಹಬ್ಬದ ಖುಷಿ! ಜನ್ಮದಲ್ಲೇ ದೋಣಿ ಮುಟ್ಟಿದವನಲ್ಲ ನಾನು.

ರಸ್ತೆಯ ಜನವೆಲ್ಲ ಸೇರಿದರು. ಪಕ್ಕದ ಪಂಕ್ಚರ್ ಅಂಗಡಿಯ ಚಾಚಾ ದೋಣಿಗೆ ಒಂದು ಸುತ್ತು ಹಾಕಿ, ಆಕಾಶ ನೋಡಿ ಕೇಳಿದರು:

"ಉಸ್ತಾದ್, ಈ ಸಲ ಮಳಿ ಅಷ್ಟು ಜೋರ್ ಅದ ಏನ್ರಿ? ನಮಗೂ ಒಂದ್ ಸೀಟ್ ಹಿಡೀರಿ."

ಬರೇ ಬಣ್ಣ

"ಬರೇ ಬಣ್ಣ ಹಚ್ಚಿ ಕೊಡ್ರಿ, ಸಾಕು," ಅಂದರು ಟ್ರಾಲಿಯ ಜೊತೆಗೇ ಬಂದಿದ್ದ ಸಾವಕಾರರು. "ಐತವಾರ ಮಹಾಗಾಂವದಿಂದ ಹೊಸ ಬೀಗರು ಬರ್ತಾರ. ದೋಣ್ಯಾಗ ಕುಂದರ್ಸಿ ಕೆರಿ ತೋರಸ್ಬೇಕು. ಮರ್ಯಾದಿ ಪ್ರಶ್ನಿ ಅದ."

ಹಲಗೆ ನೋಡಲು ನೆಟ್ಟಗೇ ಇತ್ತು. ಮೇಲೆ ಥಳಕು, ಒಳಗೆ ಹುಳುಕು. ಸ್ಕ್ರೂ ತೂತುಗಳಿಂದ ನೀರಿಳಿದು ಒಳಗಿನ ಪ್ಲೈವುಡ್ ಸಜ್ಜಕದಂತೆ ಮೆತ್ತಗಾಗಿತ್ತು. ತೋರಿಸೋಣ ಎಂದು ಹೆಬ್ಬೆರಳು ಒತ್ತಿದೆ. ಬೆರಳು ಸಲೀಸಾಗಿ ಒಳಗೆ ಹೋಯಿತು. ಈಗಾದರೂ ಒಪ್ಪುತ್ತಾರೆ ಅಂದುಕೊಂಡೆ.

ಸಾವಕಾರರು ನನ್ನ ಬೆರಳನ್ನೇ ದಿಟ್ಟಿಸಿ ಹೇಳಿದರು: "ನಿಮ್ಮ ಬೆರಳ ಭಾಳ ಗಟ್ಟಿ ಅದ ಬಿಡ್ರಿ!"

ಅರ್ಧ ಗಂಟೆ

ಬೀಗರ ಕಾಲೂ ಹೀಗೇ ಒಳಗಿಳಿದರೆ ಎಂದು ಕೇಳಿದ ಮೇಲೆ, ಕೊನೆಗೆ ಒಪ್ಪಿದರು. ಹಳೆಯದನ್ನು ಕಿತ್ತು, ನೀರಿಗೆ ಹೆದರದ ಪ್ಲೈವುಡ್ ತಂದು ಕತ್ತರಿಸಿದೆ. ನೀರು ಒಳಗಿಳಿಯದಂತೆ ಅಂಚಿಗೂ ತೂತಿಗೂ ಎಪಾಕ್ಸಿ ಅಂಟು ಕುಡಿಸಬೇಕು. ಎರಡು ಡಬ್ಬಿ ಬೆರೆಸಿದ ಮೇಲೆ ಹಚ್ಚಲು ಅರ್ಧ ಗಂಟೆ ಸಿಗುತ್ತದೆ ಎಂದು ಮಾರಿದವನು ಹೇಳಿದ್ದ. ಅದು ಯಾವ ಊರಿನ ಅರ್ಧ ಗಂಟೆಯೋ! ನಮ್ಮ ಕಲಬುರಗಿ ಬಿಸಿಲಿಗೆ ಅಂಟು ಬೆರೆಸಿದ ಮಗ್ಗು ಕಾದು ಹೊಗೆಯಾಡಿತು. ಅಂಟು ಕಲ್ಲಾಗಿ, ಬ್ರಷ್ ಅದರೊಳಗೆ ಕಂಬದಂತೆ ನಿಂತುಬಿಟ್ಟಿತು. ಮರುದಿನ ಬಿಸಿಲೇರುವ ಮುಂಚೆಯೇ ಚೂರುಚೂರು ಬೆರೆಸಿ ಹಚ್ಚಿ ಮುಗಿಸಿ, ಒಣಗಿದ ಮೇಲೆ ಹಲಗೆಯನ್ನು ದೋಣಿಗೆ ಬಿಗಿದೆ.

ಬ್ರಷ್ ಸಮೇತ ಗಟ್ಟಿಯಾದ ಆ ಮಗ್ಗು ಕಟ್ಟೆಯ ಮೇಲೇ ಇತ್ತು. ಕುಸನೂರಿನಿಂದ ಮಂಚ ನೋಡಲು ಬಂದ ಅಕ್ಕ ಮಂಚ ಬಿಟ್ಟು ಅದನ್ನೇ ಎತ್ತಿಕೊಂಡರು:

"ಅಣ್ಣಾ, ಇದರ ಜೋಡಿ ಇಲ್ಲೇನ್ರಿ? ಶೋಕೇಸಿನಾಗ ಒಂದೇ ಇಟ್ರ ಚಂದ ಕಾಣಲ್ಲ."

ಮೊದಲ ಕಾಲು

ಐತವಾರ ನಾನೂ ಕಮಲಾಪುರಕ್ಕೆ ಹೋದೆ. ಐದು ಜನ ನಿಂತರೂ ನನ್ನ ಹಲಗೆ ಅಲುಗುವುದಿಲ್ಲ ಎಂದು ಇಡೀ ಸೇಡಂ ರಸ್ತೆಗೆ ಸಾರಿಬಿಟ್ಟಿದ್ದೆ. ಮುರಿದರೆ ಸಾವಕಾರರ ಮರ್ಯಾದೆಯ ಜೊತೆ ನನ್ನ ಹೆಸರೂ ಕೆರೆಗೆ. ಮೊದಲ ಕಾಲು ಬೀಳುವುದನ್ನು ನೋಡಲು ದಡದಲ್ಲೇ ಕಾದು ನಿಂತೆ.

ದೋಣಿಯ ಹಿಂಭಾಗವನ್ನು ದಡದ ಮೆಟ್ಟಿಲಿಗೆ ತಾಗಿಸಿದ್ದರು. ಸಾವಕಾರರ ತಾಯಿ ಬಂದರು. ಹಲಗೆಗೆ ಅರಿಶಿನ ಬಳಿದು, ಕುಂಕುಮವಿಟ್ಟು, ಹೂವೇರಿಸಿ ಕೈಮುಗಿದರು.

"ಅವ್ವಾರ, ಇದು ಕಾಲಿಡೋ ಹಲಗಿ ರೀ," ಅಂದೆ.

"ಬಡಿಗ್ಯಾರ ಮಾಡಿದ್ದು, ಒಳಗ ಹೋಗೋ ದಾರ್ಯಾಗ ಅದ. ಹೊಸ್ತಲ ಅಲ್ದ ಮತ್ತೇನಪ್ಪ? ಯಾರೂ ತುಳೀಬ್ಯಾಡ್ರಿ!" ಎಂದು ತಾವೇ ಮೊದಲು ದಾಟಿದರು.

ಮುಗಿಯಿತು! ಬೀಗರು ಲೈಫ್ ಜಾಕೆಟ್ ತೊಟ್ಟು ಒಬ್ಬೊಬ್ಬರೇ ಹಲಗೆ ದಾಟಿ ಹಾರಿದರು. ಬೀಗಿತ್ತಿ ಸೀರೆ ಎತ್ತಿ ಹಿಡಿದು ಹಾರಿದರು. ಯಾರಾದರೂ ಒಬ್ಬರು ತುಳಿಯಿರಪ್ಪಾ ಎಂದು ನಾನು ದಡದಲ್ಲಿ ಒದ್ದಾಡಿದೆ. ಒಂದು ಕಾಲೂ ಬೀಳಲಿಲ್ಲ.

ಕೊನೆಗೆ ಸಾವಕಾರರು. ಆಳು ದಪ್ಪ, ಅವರು ಹಾರುವ ಹೊತ್ತಿಗೆ ದೋಣಿ ಮುಂದೆ ಜರುಗಿತು. ಧಡಮ್! ಸೊಂಟಮಟ್ಟದ ನೀರಿಗೆ ಬಿದ್ದರು. ಎದ್ದವರೇ ಹಲಗೆ ಹಿಡಿದು, ಮೊಣಕಾಲೂರಿ, ಪೂರ್ತಿ ಭಾರ ಹಾಕಿ ಅದರ ಮೇಲೆ ಕುಕ್ಕರಿಸಿದರು. ಹಲಗೆ ಕಿರ್ ಎನ್ನಲಿಲ್ಲ!

"ತಡೀತು! ತಡೀತು!" ನಾನು ದಡದಲ್ಲಿ ಕುಣಿದಾಡಿದೆ. ಬೀಗರೂ ಖುಷಿಯಿಂದ ಚಪ್ಪಾಳೆ ಹೊಡೆದರು.

ದೋಣಿಯೊಳಗಿಂದ ತಾಯಿ ಮಾತ್ರ ಗದರಿದರು:

"ಏ ತಮ್ಮಾ, ಬೀಗರ ಮುಂದ ಹೊಸ್ತಲ ಮ್ಯಾಲ ಕುಂತೀಯಲ್ಲೋ! ಏಳು, ತಿರುಗಿ ನೀರಾಗ ಇಳಿ!"